ಟ್ರೆಕ್ಕಿಂಗ್ ಗೆಳೆಯರಿಗೆ, ಊರಲ್ಲಿರುವ ಅಮ್ಮನಿಗೆ ಏನು ಗಿಫ್ಟ್ ಕೊಡೋದು? ಜೀವಕ್ಕೆ ಆಗುವ ವಸ್ತುಗಳ ಒಂದು ಪಟ್ಟಿ

ಎಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರಿದ ಮೊದಲ ವರ್ಷ ಅಮ್ಮನಿಗೆ ಸ್ಮಾರ್ಟ್‌ಫೋನ್ ಕೊಡಿಸಿದ್ದೆ. ಆಮೇಲೆ ಎರಡು ವರ್ಷಕ್ಕೊಮ್ಮೆ ಹೊಸದು. 2019ರ ಆಗಸ್ಟ್ ಮಳೆಯಲ್ಲಿ ಮೂಡಿಗೆರೆ ಕಡೆಯ ನಮ್ಮೂರಿಗೆ ಐದು ದಿನ ಕರೆಂಟ್ ಇರಲಿಲ್ಲ. ಎರಡನೇ ದಿನಕ್ಕೆ ಟವರ್ ಕೂಡ ಹೋಯ್ತು. ನಾನು ಬೆಂಗಳೂರಲ್ಲಿ ಕೂತು ನಿಮಿಷಕ್ಕೊಮ್ಮೆ ಡಯಲ್ ಮಾಡ್ತಾ ಇದ್ದೆ, ಅಮ್ಮ ಅಲ್ಲಿ ಸೀಮೆಎಣ್ಣೆ ದೀಪ ಹುಡುಕ್ತಾ ಇದ್ದರು. ಕೊನೆಗೆ ಅವರಿಗೆ ಸುದ್ದಿ ತಿಳಿದಿದ್ದು ಪಕ್ಕದ ಮನೆಯ ಅಜ್ಜನ ಹಳೆ ಟ್ರಾನ್ಸಿಸ್ಟರ್‌ನಿಂದ. "ಅಷ್ಟು ದುಡ್ಡು ಕೊಟ್ಟು ಫೋನ್ ತಂದೆ, ಒಂದು ಒಳ್ಳೆ ಬ್ಯಾಟರಿ ತರಬಾರದಿತ್ತಾ?" ಅಂತ ಆಮೇಲೆ ಕೇಳಿದರು. ನಮ್ಮ ಕಡೆ ಬ್ಯಾಟರಿ ಅಂದರೆ ಟಾರ್ಚ್.

ಅವತ್ತಿನಿಂದ ನನ್ನ ಗಿಫ್ಟ್ ಪಟ್ಟಿ ಬದಲಾಗಿದೆ. ಈಗ ಡಿಸೆಂಬರ್. ಆಫೀಸಲ್ಲಿ ಸೀಕ್ರೆಟ್ ಸಾಂಟಾ, ವರ್ಷಾಂತ್ಯದ ರಜೆ, ಪ್ರತಿ ಗ್ರೂಪಲ್ಲೂ ಒಂದಾದರೂ ಟ್ರೆಕ್ಕಿಂಗ್ ಪ್ಲಾನ್. ಅಂಥ ಗೆಳೆಯರಿಗೆ ಮತ್ತು ಮಳೆಗಾಲ ಬಂದರೆ ನಿದ್ದೆ ಬಿಡುವ ಮನೆಯವರಿಗೆ ಏನು ಕೊಡಬಹುದು, ಏನು ಕೊಡಬಾರದು ಅಂತ ಬಜೆಟ್ ಪ್ರಕಾರ ಇಲ್ಲಿ ಬರೆದಿದ್ದೇನೆ. ಸೇವ್ ಮಾಡಿಟ್ಟುಕೊಳ್ಳಿ.

ಕೊಳ್ಳುವ ಮುಂಚೆ ಮೂರು ಪ್ರಶ್ನೆ

ಒಂದು, ಇದು ಒದ್ದೆಯಾದರೆ ಕೆಲಸ ಮಾಡ್ತದಾ? ಎರಡು, ಕತ್ತಲಲ್ಲಿ, ನಡುಗುವ ಕೈಯಲ್ಲಿ ಬಳಸಬಹುದಾ? ಮೂರು, ಇದನ್ನು ನಿಜಕ್ಕೂ ಬ್ಯಾಗಲ್ಲಿ ಹಾಕ್ಕೊಂಡು ಹೋಗ್ತಾರಾ, ಇಲ್ಲ ಭಾರ ಅಂತ ಮನೆಯಲ್ಲೇ ಬಿಡ್ತಾರಾ? ಮೂರನೆಯದರಲ್ಲೇ ಅರ್ಧ ಗಿಫ್ಟ್‌ಗಳು ಫೇಲ್. ನನ್ನ ಕಪಾಟಲ್ಲಿ ಹನ್ನೊಂದು ಉಪಯೋಗದ ಒಂದು ಸಣ್ಣ ಕೊಡಲಿ ಇದೆ. ಇವತ್ತಿನವರೆಗೆ ಆಗಿರುವ ಒಂದೇ ಉಪಯೋಗ ಅಂದರೆ ಬಾಗಿಲು ಬಡಿದುಕೊಳ್ಳದಂತೆ ತಡೆಯೋದು.

500 ರೂಪಾಯಿ ಒಳಗೆ

ಸೀಕ್ರೆಟ್ ಸಾಂಟಾ ಬಜೆಟ್. ಇಲ್ಲಿರುವ ವಸ್ತುಗಳು ಅಗ್ಗ, ಆದರೆ ಪಟ್ಟಿಯಲ್ಲಿ ಅತಿ ಮುಖ್ಯವಾದವು ಇವೇ.

ಸೀಟಿ: ಒಳಗೆ ಉರುಳುವ ಗುಂಡು ಇಲ್ಲದ ಪ್ಲಾಸ್ಟಿಕ್ ಸೀಟಿ ತಗೊಳ್ಳಿ. ಒದ್ದೆಯಾದರೂ ಊದುತ್ತದೆ. ಕಾಡಲ್ಲಿ ದಾರಿ ತಪ್ಪಿದವರು ಕೂಗಿ ಕೂಗಿ ಅರ್ಧ ಗಂಟೆಯಲ್ಲಿ ಗಂಟಲು ಕಳೆದುಕೊಳ್ತಾರೆ. ಸೀಟಿ ಊದಲು ಉಸಿರಿದ್ದರೆ ಸಾಕು. ಮೂರು ಸಲ ಊದಿ, ನಿಲ್ಲಿಸಿ, ಮತ್ತೆ ಮೂರು ಸಲ. ಇದು ಬಹುತೇಕ ಕಡೆ ಗೊತ್ತಿರುವ ಅಪಾಯದ ಸಂಕೇತ. ನನ್ನ ಹಾಸ್ಟೆಲ್ ರೂಮ್‌ಮೇಟ್ ಒಮ್ಮೆ ಇಳಿಜಾರಲ್ಲಿ ಕಾಲು ಉಳುಕಿಸಿಕೊಂಡು ಹಿಂದೆ ಉಳಿದುಬಿಟ್ಟಿದ್ದ. ಮಂಜಲ್ಲಿ ನಮಗೆ ಹತ್ತಡಿ ಮುಂದಿನದೂ ಕಾಣಿಸ್ತಿರಲಿಲ್ಲ. ಅವನು ಸಿಕ್ಕಿದ್ದು ಬ್ಯಾಗಿನ ಪಟ್ಟಿಗಿದ್ದ ಸೀಟಿಯಿಂದ. ಆ ಸೀಟಿ ಬ್ಯಾಗಿನ ಜೊತೆ ಉಚಿತವಾಗಿ ಬಂದದ್ದು.

ಎಮರ್ಜೆನ್ಸಿ ಬ್ಲ್ಯಾಂಕೆಟ್: ಬೆಳ್ಳಿ ಹಾಳೆಯಂತೆ ಹೊಳೆಯುವ, ಮಡಿಸಿದರೆ ಕರ್ಚೀಫಿನಷ್ಟಾಗುವ ಹೊದಿಕೆ. ಮೈಯ ಶಾಖವನ್ನು ವಾಪಸ್ ಮೈಗೇ ತಿರುಗಿಸ್ತದೆ, ಗಾಳಿ ಮಳೆ ತಡೆಯುತ್ತದೆ. ಸ್ವಲ್ಪ ಹೆಚ್ಚು ದುಡ್ಡಿದ್ದರೆ ಇದೇ ಬಟ್ಟೆಯ ಚೀಲದ ರೂಪ ಸಿಗ್ತದೆ, ಒಳಗೆ ನುಗ್ಗಿ ಮಲಗಬಹುದು. ಅದು ಇನ್ನೂ ಒಳ್ಳೆಯದು.

ಓಆರ್‌ಎಸ್ ಪುಡಿ: ಒಂದು ಲೀಟರ್ ನೀರಿಗೆ 20.5 ಗ್ರಾಂ ಇರುವ, ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪ್ಯಾಕೆಟ್ ನೋಡಿ. ಟೆಟ್ರಾ ಪ್ಯಾಕಿನ ಸಿಹಿ ಪಾನೀಯ ಅಲ್ಲ. ಸೂತ್ರ ಪಾಲಿಸದ ಪಾನೀಯಗಳಿಗೆ ಓಆರ್‌ಎಸ್ ಅನ್ನುವ ಹೆಸರು ಹಾಕಬಾರದು ಅಂತ ಎಫ್‌ಎಸ್‌ಎಸ್‌ಎಐ ಆದೇಶ ಕೊಟ್ಟಿದ್ದು 2025ರ ಅಕ್ಟೋಬರ್‌ನಲ್ಲಿ. ಅಲ್ಲಿಯವರೆಗೆ ನಾವೆಲ್ಲ ಸಕ್ಕರೆ ನೀರು ಕುಡಿದಿದ್ದೇವೆ.

ಇದಕ್ಕೆ ಒಂದು ಕ್ರೇಪ್ ಬ್ಯಾಂಡೇಜ್ ಸೇರಿಸಿ, ಎಲ್ಲವನ್ನೂ ಜಿಪ್ ಇರುವ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕೊಟ್ಟರೆ ಅದೇ ಒಂದು ಕಿಟ್.

500ರಿಂದ 3,000 ರೂಪಾಯಿ

ಹೆಡ್‌ಲ್ಯಾಂಪ್: ಟ್ರೆಕ್ಕರ್‌ಗೆ ಒಂದೇ ಒಂದು ಗಿಫ್ಟ್ ಕೊಡೋದಾದರೆ ಇದನ್ನೇ ಕೊಡಿ. ಮೊಬೈಲ್ ಟಾರ್ಚ್ ಹಿಡಿದರೆ ಒಂದು ಕೈ ಹೋಯ್ತು, ಜೊತೆಗೆ ಸಹಾಯಕ್ಕೆ ಫೋನ್ ಮಾಡಬೇಕಾದ ಚಾರ್ಜೂ ಹೋಯ್ತು. ಡಬ್ಬಿ ಮೇಲಿನ ಲ್ಯೂಮೆನ್ ಅಂಕಿಗೆ ಮರುಳಾಗಬೇಡಿ. ನಡೆಯಲು 200 ಲ್ಯೂಮೆನ್ ಧಾರಾಳ. ಅದಕ್ಕಿಂತ ನೋಡಬೇಕಾದ್ದು ಎಷ್ಟು ಗಂಟೆ ಉರಿಯುತ್ತದೆ ಅನ್ನೋದನ್ನು. ಐಪಿಎಕ್ಸ್4 ಅಂತ ಇದ್ದರೆ ಎಲ್ಲ ಕಡೆಯಿಂದ ಎರಚುವ ನೀರು ತಡೆಯುತ್ತದೆ. ಐಪಿಎಕ್ಸ್7 ಅಂದರೆ ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ಬಿದ್ದಿದ್ದರೂ ಪರವಾಗಿಲ್ಲ. ಅಂಗಡಿಯಲ್ಲಿ ಸಿಗುವ ಮಾಮೂಲಿ ಸೆಲ್ ಹಾಕುವಂಥದ್ದಾದರೆ, ಬಳಸದೇ ಇಡುವಾಗ ಸೆಲ್ ತೆಗೆದಿಡಲು ಹೇಳಿ. ಒಳಗೇ ಸೋರಿ ಲೈಟ್ ಸತ್ತಿರುವುದು ಬೆಟ್ಟದ ಮೇಲೆ ಗೊತ್ತಾಗಬಾರದು.

ಪವರ್ ಬ್ಯಾಂಕ್: ಇಲ್ಲಿ ನನ್ನೊಳಗಿನ ಎಂಜಿನಿಯರ್ ಸ್ವಲ್ಪ ಮಾತಾಡಲಿ. 20,000 ಎಂಎಎಚ್ ಪವರ್ ಬ್ಯಾಂಕ್, 5,000 ಎಂಎಎಚ್ ಫೋನ್. ನಾಲ್ಕು ಸಲ ಚಾರ್ಜ್ ಆಗಬೇಕಲ್ವಾ? ಆಗಲ್ಲ. ಆ 20,000 ಅನ್ನೋದು ಒಳಗಿನ ಸೆಲ್‌ನ 3.7 ವೋಲ್ಟ್ ಲೆಕ್ಕ, ಅಂದರೆ 74 ವ್ಯಾಟ್-ಅವರ್. ಅದನ್ನು 5 ವೋಲ್ಟ್‌ಗೆ ಏರಿಸಿ ಹೊರಗೆ ಕೊಡುವಾಗ ಒಂದಿಷ್ಟು ಶಾಖವಾಗಿ ಹೋಗ್ತದೆ. ಕೈಗೆ ಸಿಗೋದು ಮೂರು ಸಲದ ಆಸುಪಾಸು. ಹಿಂದೆ ಸಣ್ಣ ಅಕ್ಷರದಲ್ಲಿ "ರೇಟೆಡ್ ಕೆಪಾಸಿಟಿ" ಅಂತ ಬರೆದಿರ್ತಾರೆ, ನಂಬಬೇಕಾದ್ದು ಅದನ್ನು. ಬಿಐಎಸ್ ನೋಂದಣಿ ಸಂಖ್ಯೆ ಇಲ್ಲದ್ದನ್ನು ಮುಟ್ಟಬೇಡಿ. ವಿಮಾನದಲ್ಲಿ ಹೋಗುವವರಾದರೆ 100 ವ್ಯಾಟ್-ಅವರ್ ಒಳಗಿರಬೇಕು, ಅದೂ ಕೈಚೀಲದಲ್ಲೇ.

ಬೆನ್ನ ಮೇಲೆ ಪುಟ್ಟ ಸೋಲಾರ್ ಪ್ಯಾನೆಲ್ ಅಂಟಿಸಿರುವ ಪವರ್ ಬ್ಯಾಂಕ್ ನೋಡಿರ್ತೀರಿ. ಅಂಗೈಯಷ್ಟು ಪ್ಯಾನೆಲ್ ಕೊಡೋದು ಹೆಚ್ಚೆಂದರೆ ಒಂದೂವರೆ ವ್ಯಾಟ್. 74ನ್ನು 1.5ರಿಂದ ಭಾಗಿಸಿ. ಸುಮಾರು 50 ಗಂಟೆ ನೆತ್ತಿ ಮೇಲಿನ ಬಿಸಿಲು ಬೇಕು. ಆಗಸ್ಟ್ ತಿಂಗಳ ಆಗುಂಬೆಯಲ್ಲಿ ಹುಡುಕಿ ನೋಡಿ!

ನೀರಿನ ಫಿಲ್ಟರ್: 0.1 ಮೈಕ್ರಾನ್‌ನ ಸಣ್ಣ ಕೊಳವೆ ಫಿಲ್ಟರ್‌ಗಳು ಬ್ಯಾಕ್ಟೀರಿಯಾ, ಅಮೀಬಾದಂಥವನ್ನು ತಡೆಯುತ್ತವೆ, ವೈರಸ್ ತಡೆಯಲ್ಲ. ಬೆಟ್ಟದ ಮೇಲಿನ ಒರತೆಗೆ ಸಾಕು. ಪ್ರವಾಹದ ನೀರಿಗೆ, ಅಂದರೆ ಚರಂಡಿ ಬೆರೆತ ನೀರಿಗೆ ಸಾಲದು. ಜೊತೆಗೆ ಕ್ಲೋರಿನ್ ಮಾತ್ರೆ ಕೊಡಿ, ಇಲ್ಲವೇ ಕುದಿಸಲು ಹೇಳಿ.

ಡಿಸೆಂಬರ್‌ನಲ್ಲಿ ಮಲೆನಾಡಿಗೆ ಹೋಗುವವರಿಗೆ

ಮಳೆಗಾಲದಲ್ಲಿ ಎಲ್ಲರೂ ಉಂಬಳಕ್ಕೆ ಹೆದರ್ತಾರೆ. ಉಂಬಳ ಕಚ್ಚಿದರೆ ರಕ್ತ ಹೋಗ್ತದೆ, ತುರಿಸ್ತದೆ, ಅಷ್ಟೇ. ಮೊಣಕಾಲಿನವರೆಗೆ ಬರುವ ಲೀಚ್ ಸಾಕ್ಸ್ ಕೊಟ್ಟರೆ ಗೆಳೆಯರು ಖುಷಿಯಾಗ್ತಾರೆ. ಆದರೆ ನಿಜವಾಗಿ ಹೆದರಬೇಕಾದ್ದು ಡಿಸೆಂಬರ್‌ನಿಂದ ಮೇವರೆಗಿನ ಒಣ ತಿಂಗಳಲ್ಲಿ, ಉಣುಗಿಗೆ. ಮಂಗನ ಕಾಯಿಲೆ ಹರಡೋದು ಇದರಿಂದ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಪತ್ತೆಯಾದ ಕಾಯಿಲೆಯಿಂದ ಇಂದಿಗೂ ಮಲೆನಾಡಿನಲ್ಲಿ ಜನ ಸಾಯ್ತಾ ಇದ್ದಾರೆ. ಹಳೆ ಲಸಿಕೆ ಪರಿಣಾಮಕಾರಿಯಲ್ಲ ಅಂತ ನಿಲ್ಲಿಸಿದ್ದೂ ಆಗಿದೆ. ಹಾಗಾಗಿ ಉದ್ದ ತೋಳಿನ ತಿಳಿ ಬಣ್ಣದ ಅಂಗಿ (ಉಣುಗು ಹತ್ತಿದರೆ ಕಾಣಬೇಕಲ್ಲ), ಮೈಗೆ ಹಚ್ಚುವ ಕೀಟ ನಿವಾರಕ ಎಣ್ಣೆ, ಕಚ್ಚಿಕೊಂಡ ಉಣುಗನ್ನು ಕೀಳಲು ಚೂಪು ತುದಿಯ ಚಿಮುಟ ಕೊಡಿ. ಆರೋಗ್ಯ ಇಲಾಖೆ ಊರಿನವರಿಗೆ ಹಂಚುವ ಡೆಪಾ ಎಣ್ಣೆ ಊರಿನವರಿಗೇ ಇರಲಿ. ವೀಕೆಂಡಿಗೆ ಬಂದು ಅದನ್ನೂ ಕೇಳಿ ತಗೊಂಡು ಹೋಗಬೇಡಿ.

ಹಿಮಾಲಯಕ್ಕೆ ಹೋಗುವವರಿಗೆ

2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರ ತಾಲ್ ದಾರಿಯಲ್ಲಿ 22 ಜನರ ತಂಡ ಹಿಮಗಾಳಿಗೆ ಸಿಕ್ಕಿಕೊಂಡಿತು. ಹೆಚ್ಚಿನವರು ಕರ್ನಾಟಕದಿಂದ ಹೋದವರು. ಒಂಬತ್ತು ಮಂದಿ ತೀರಿಕೊಂಡರು, 13 ಮಂದಿಯನ್ನು ಉಳಿಸಲಾಯಿತು. ಒಂದು ಹೊದಿಕೆ ಇದ್ದಿದ್ದರೆ ಬದುಕುತ್ತಿದ್ದರು ಅಂತ ಬೆಂಗಳೂರಲ್ಲಿ ಕೂತು ಬರೆಯೋದು ಅನ್ಯಾಯ, ಬರೆಯಲ್ಲ. ಆದರೆ ಚಳಿ ಹೇಗೆ ಕೊಲ್ತದೆ ಅನ್ನೋದು ತಿಳಿದಿರಲಿ. ಒದ್ದೆ ಮತ್ತು ಗಾಳಿ ಸೇರಿದರೆ ಸೊನ್ನೆಗಿಂತ ಮೇಲಿನ ತಾಪಮಾನದಲ್ಲೂ ಮೈ ಶಾಖ ಕಳೆದುಕೊಳ್ತದೆ. ಹತ್ತಿ ಬಟ್ಟೆ ಒದ್ದೆಯಾದರೆ ಬೆಚ್ಚಗಿಡಲ್ಲ. ಆದ್ದರಿಂದ ಗಿಫ್ಟ್ ಕೊಡೋದಾದರೆ ಉಣ್ಣೆಯ ಒಳ ಅಂಗಿ, ಉಣ್ಣೆಯ ಟೋಪಿ, ಎರಡು ಜೊತೆ ಉಣ್ಣೆಯ ಸಾಕ್ಸ್. ಕಂಪನಿ ಲೋಗೋ ಇರುವ ಕಾಟನ್ ಹೂಡಿ ಬೇಡ.

ದಯವಿಟ್ಟು ಇವನ್ನು ಕೊಡಬೇಡಿ

ಹಾವು ಕಡಿತದ ಕಿಟ್: ಬ್ಲೇಡ್, ವಿಷ ಹೀರುವ ಪಂಪ್, ಬಿಗಿಯುವ ದಾರ, ಈ ಮೂರೂ ಹಾನಿ ಮಾಡ್ತವೆ. ಕಚ್ಚಿಸಿಕೊಂಡವರನ್ನು ಅಲುಗಾಡದಂತೆ ಇಟ್ಟು, ಪ್ರತಿವಿಷ ಇರುವ ಆಸ್ಪತ್ರೆಗೆ ಬೇಗ ಸೇರಿಸೋದೇ ಚಿಕಿತ್ಸೆ. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ.

ಸ್ಯಾಟಲೈಟ್ ಫೋನ್, ಸ್ಯಾಟಲೈಟ್ ಮೆಸೆಂಜರ್: ಅಮೆರಿಕದಲ್ಲಿರುವ ಅಣ್ಣ ತಂದುಕೊಡ್ತೇನೆ ಅಂದರೂ ಬೇಡ ಅನ್ನಿ. ಪರವಾನಗಿ ಇಲ್ಲದೆ ಇಟ್ಟುಕೊಂಡರೆ ನಮ್ಮಲ್ಲಿ ಅಪರಾಧ. 2024ರ ಡಿಸೆಂಬರ್‌ನಲ್ಲಿ ಗೋವಾ ವಿಮಾನ ನಿಲ್ದಾಣದಲ್ಲಿ ಗಾರ್ಮಿನ್ ಇನ್‌ರೀಚ್ ಹಿಡಿದು ಬಂದ ವಿದೇಶಿ ಪ್ರವಾಸಿಗರು ಪೊಲೀಸ್ ಕೇಸಿಗೆ ಸಿಕ್ಕಿಕೊಂಡರು. ಉಪಗ್ರಹದ ಮೂಲಕ ಅಪಾಯದ ಸಂಕೇತ ಹಿಡಿಯುವ ಕಾಸ್‌ಪಾಸ್-ಸರ್‌ಸ್ಯಾಟ್ ವ್ಯವಸ್ಥೆಯ ಭಾರತದ ಕೇಂದ್ರ ಇರೋದು ನಮ್ಮ ಬೆಂಗಳೂರಿನ ಇಸ್ಟ್ರ್ಯಾಕ್‌ನಲ್ಲೇ. ಆದರೂ ಸಾಮಾನ್ಯ ಟ್ರೆಕ್ಕರ್ ಕೈಗೆ ಸುಲಭವಾಗಿ, ಕಾನೂನುಬದ್ಧವಾಗಿ ಏನೂ ಸಿಗಲ್ಲ ಅನ್ನೋದು ನಾವು ಕೇಳಬೇಕಾದ ಪ್ರಶ್ನೆ.

ಅಗ್ಗದ ವಾಕಿಟಾಕಿ: ಪರವಾನಗಿ ಬೇಡದ್ದು 446.0ರಿಂದ 446.2 ಮೆಗಾಹರ್ಟ್ಸ್‌ನ ಕಡಿಮೆ ಶಕ್ತಿಯ ಸೆಟ್‌ಗಳಿಗೆ ಮಾತ್ರ. ಡಬ್ಬಿ ಮೇಲೆ ಇದು ಸ್ಪಷ್ಟವಾಗಿಲ್ಲದಿದ್ದರೆ ಬಿಟ್ಟುಬಿಡಿ.

ಶೂ: ಕಾಲು ಅವರದ್ದು, ಅಳತೆಯೂ ಅವರೇ ನೋಡಿಕೊಳ್ಳಲಿ.

ಊರಿನ ಮನೆಗೆ ಒಂದು ಡಬ್ಬಿ

ನಾನು ಈಗ ಪ್ರತಿ ವರ್ಷ ಅಮ್ಮನಿಗೆ ಕೊಡೋದು ಇದನ್ನೇ. ಮುಚ್ಚಳ ಭದ್ರವಾಗಿರುವ ಪ್ಲಾಸ್ಟಿಕ್ ಡಬ್ಬಿ. ಒಳಗೆ ಟಾರ್ಚ್, ಹೆಚ್ಚುವರಿ ಸೆಲ್, ಸೆಲ್ ಹಾಕುವ ರೇಡಿಯೋ, ಸೀಟಿ, ಕ್ಲೋರಿನ್ ಮಾತ್ರೆ, ಓಆರ್‌ಎಸ್, ಅಮ್ಮನ ಬಿಪಿ ಮಾತ್ರೆ ಎರಡು ವಾರಕ್ಕಾಗುವಷ್ಟು, ಸ್ಯಾನಿಟರಿ ಪ್ಯಾಡ್, ಚಿಲ್ಲರೆ ನೋಟುಗಳು (ನೆಟ್‌ವರ್ಕ್ ಇಲ್ಲದಿದ್ದರೆ ಯುಪಿಐ ಎಲ್ಲಿಂದ ಬರಬೇಕು), ಜಮೀನು ಪಹಣಿ, ಆಧಾರ್, ಪಡಿತರ ಚೀಟಿಯ ಜೆರಾಕ್ಸ್ ಒಂದು ಪ್ಲಾಸ್ಟಿಕ್ ಲಕೋಟೆಯಲ್ಲಿ. ಕಾಗದಪತ್ರ ಯಾಕೆ ಅಂದರೆ, ನೆರೆ ಇಳಿದ ಮೇಲೆ ಪರಿಹಾರದ ಅರ್ಜಿ ಹಿಡಿದು ಸಾಲಲ್ಲಿ ನಿಂತವರಿಗೆ ಮೊದಲು ಕೇಳುವುದು ಅದನ್ನೇ. ಮನೆ ಕೊಚ್ಚಿಹೋದವರ ಹತ್ತಿರ ಮನೆಯ ದಾಖಲೆ ಕೇಳುವ ವ್ಯವಸ್ಥೆ ನಮ್ಮದು.

ರೇಡಿಯೋ ಕೊಡುವ ಮುಂಚೆ ಆ ಊರಲ್ಲಿ ಯಾವ ಆಕಾಶವಾಣಿ ಕೇಂದ್ರ ಸಿಗ್ತದೆ ಅಂತ ಹಚ್ಚಿ ನೋಡಿ. ಡಬ್ಬಿಯ ಮುಚ್ಚಳದ ಒಳಗೆ ಸಂಖ್ಯೆಗಳನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ: 112 ಎಲ್ಲ ತುರ್ತಿಗೆ, 108 ಆಂಬುಲೆನ್ಸ್, 1077 ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿ.

ದುಡ್ಡಿಗಿಂತ ಸಮಯ ಇರುವವರಿಗೆ

ಗೆಳೆಯರ ಫೋನಿಗೆ ಸಚೇತ್, ಗುಡುಗು ಸಿಡಿಲಿನ ಮುನ್ನೆಚ್ಚರಿಕೆಗೆ ದಾಮಿನಿ ಆ್ಯಪ್ ಹಾಕಿಕೊಡಿ. ಇಬ್ಬರೂ ಸೇರಿ ರೆಡ್ ಕ್ರಾಸ್‌ನ ಪ್ರಥಮ ಚಿಕಿತ್ಸೆ ತರಬೇತಿಗೆ ಹೆಸರು ಕೊಡಿ. ಸಾಹಸದ ಆಸಕ್ತಿ ಇರುವವರಿಗೆ ನಮ್ಮ ರಾಜ್ಯದ್ದೇ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯ ಕೋರ್ಸ್‌ಗಳಿವೆ. ತಂತ್ರಜ್ಞಾನದ ಹುಚ್ಚಿರುವ ಗೆಳತಿಗೆ ಹ್ಯಾಮ್ ರೇಡಿಯೋ ಪರೀಕ್ಷೆಯ ಪುಸ್ತಕ ಕೊಡಿ. ಟವರ್ ಬಿದ್ದ ಮೇಲೂ ಮಾತಾಡುವ ಕಾನೂನುಬದ್ಧ ದಾರಿ ಅದು.

ಕೊನೆಯದು ನನ್ನ ಇಷ್ಟದ ಗಿಫ್ಟ್, ಬೆಲೆ 10 ರೂಪಾಯಿ. ವಿಪತ್ತು ನಿರ್ವಹಣಾ ಕಾಯ್ದೆ, 2005ರ ಸೆಕ್ಷನ್ 31ರ ಪ್ರಕಾರ ಪ್ರತಿ ಜಿಲ್ಲೆಗೂ ಒಂದು ವಿಪತ್ತು ನಿರ್ವಹಣಾ ಯೋಜನೆ ಇರಲೇಬೇಕು. ನಿಮ್ಮ ಜಿಲ್ಲೆಯದ್ದು ಹುಡುಕಿ. ಸಿಗದಿದ್ದರೆ ಒಂದು ಆರ್‌ಟಿಐ ಅರ್ಜಿ ಹಾಕಿ: ಯೋಜನೆಯ ಪ್ರತಿ ಕೊಡಿ, ನಮ್ಮ ಊರಿನವರು ಮಳೆ ಬಂದಾಗ ಎಲ್ಲಿಗೆ ಹೋಗಬೇಕು ಅಂತ ಬರೆದಿದೆ ತಿಳಿಸಿ. ಗೆಳೆಯನ ಹುಟ್ಟೂರಿನ ಉತ್ತರವನ್ನು ಪ್ರಿಂಟ್ ಹಾಕಿ ಲಕೋಟೆಯಲ್ಲಿಟ್ಟು ಕೊಡಿ. ವಿಚಿತ್ರ ಗಿಫ್ಟ್ ಅನ್ನಿಸಬಹುದು, ಆದರೆ ನಾನು ಹೀಗೆ ಕೊಟ್ಟ ಗೆಳೆಯ ಅದನ್ನು ಗ್ರಾಮಸಭೆಗೆ ತಗೊಂಡು ಹೋಗಿದ್ದ.

ಅಮೆರಿಕದಲ್ಲಿ ಪ್ರೆಪ್ಪರ್ ಅಂತ ಒಂದು ಪಂಗಡವೇ ಇದೆ. ನೆಲಮಾಳಿಗೆ ತುಂಬ ಡಬ್ಬಿ ಆಹಾರ ತುಂಬಿ, ಬಾಗಿಲು ಹಾಕಿಕೊಂಡು, ನೆರೆಯವರಿಂದಲೂ ಕಾಪಾಡಿಕೊಳ್ಳುವ ತಯಾರಿ ಅವರಲ್ಲಿ ಹಲವರದ್ದು. ನಮ್ಮಲ್ಲಿ ನೀರು ನುಗ್ಗಿದಾಗ ಮೊದಲು ಬರೋದು ಎನ್‌ಡಿಆರ್‌ಎಫ್ ಅಲ್ಲ, ಪಕ್ಕದ ಮನೆಯವರು. ಹಾಗಂತ ಸರ್ಕಾರದ ಕೆಲಸವನ್ನು ಹೆಡ್‌ಲ್ಯಾಂಪ್ ಮಾಡಲ್ಲ. ಗುಡ್ಡ ಕಡಿದು ರಸ್ತೆ ಮಾಡುವ ತೀರ್ಮಾನ, ಟವರ್‌ಗೆ ಬ್ಯಾಕಪ್ ಇಡುವ ಜವಾಬ್ದಾರಿ, ತಾಲೂಕು ಆಸ್ಪತ್ರೆಯಲ್ಲಿ ಪ್ರತಿವಿಷ ಇರಬೇಕಾದ್ದು, ಇದ್ಯಾವುದೂ ಗಿಫ್ಟ್ ಪೇಪರಲ್ಲಿ ಸುತ್ತಿ ಕೊಡುವಂಥದ್ದಲ್ಲ. ಅದನ್ನು ಕೇಳಿ ಪಡೆಯಬೇಕು.

ಅಂದಹಾಗೆ, ಈ ಸಲ ಡಬ್ಬಿ ತಗೊಂಡು ಹೋದಾಗ ಅಮ್ಮ ಎರಡು ಟಾರ್ಚ್ ಕೇಳಿದರು. ಯಾಕೆ ಅಂದರೆ, "ಒಂದು ಪಕ್ಕದ ಮನೆ ಅಜ್ಜನಿಗೆ. ಅವರ ರೇಡಿಯೋ ಕೇಳಿದೀನಲ್ಲ" ಅಂದರು. ನೀವೂ ಕೊಳ್ಳುವಾಗ ಎರಡು ತಗೊಳ್ಳಿ.