ಬೆಟ್ಟದಲ್ಲಿ ಸೋತು ಪೇಟೆಯಲ್ಲಿ ಗೆದ್ದವರು: ನಿಕರಾಗುವಾ ಕ್ರಾಂತಿ ಮತ್ತು ಆನಂತರ

1972ರ ಡಿಸೆಂಬರ್ 23ರ ನಡುರಾತ್ರಿ ಕಳೆದ ಮೇಲೆ ಭೂಮಿ ನಡುಗಿ ಮನಾಗುವಾ ನಗರದ ನಡುಭಾಗ ನೆಲಸಮವಾಯಿತು. ಹೊರದೇಶಗಳಿಂದ ಬಂದ ಪರಿಹಾರದಲ್ಲಿ ದೊಡ್ಡ ಪಾಲನ್ನು ಸರ್ವಾಧಿಕಾರಿ ಅನಸ್ತಾಸಿಯೊ ಸೊಮೋಸಾ ಮತ್ತು ಅವನ ನ್ಯಾಷನಲ್ ಗಾರ್ಡ್ ಪಡೆಯವರು ನುಂಗಿಹಾಕಿದರು. ನಗರ ಕಟ್ಟುವ ಗುತ್ತಿಗೆಗಳೂ ಅವನ ಮನೆತನದ ಕಂಪನಿಗಳಿಗೇ ಹೋದವು. 1937ರಿಂದ ಈ ಮನೆತನದೊಡನೆ ಹೊಂದಿಕೊಂಡು ಬಂದಿದ್ದ ವ್ಯಾಪಾರಿ ವರ್ಗ ಮುನಿಸಿಕೊಂಡದ್ದು ಆಗಲೇ. ಕ್ರಾಂತಿಯ ಬೇರನ್ನು ಬಂದೂಕಿಗಿಂತ ಮೊದಲು ಇಲ್ಲಿ ಹುಡುಕಬೇಕೆಂಬುದು ನನ್ನ ವಾದ.

ಏಕೆಂದರೆ ಬಂದೂಕು ಅಷ್ಟರಲ್ಲಿ ಹತ್ತು ವರ್ಷ ಸದ್ದು ಮಾಡಿಯೂ ಏನನ್ನೂ ಗೆದ್ದಿರಲಿಲ್ಲ. 1960ರ ದಶಕದ ಮೊದಲಲ್ಲಿ ಹುಟ್ಟಿದ ಸ್ಯಾಂಡಿನಿಸ್ಟಾ ರಂಗವೆಂಬ ಗೆರಿಲ್ಲಾ ಸಂಘಟನೆ ಉತ್ತರದ ಬೆಟ್ಟಗಳಲ್ಲಿ ಮತ್ತೆ ಮತ್ತೆ ಪೆಟ್ಟು ತಿಂದಿತು. 1967ರಲ್ಲಿ ಪಂಕಸಾನ್‌ನಲ್ಲಿ ಅದರ ಪ್ರಮುಖರು ಮಡಿದರು. 1976ರಲ್ಲಿ ಸ್ಥಾಪಕರಲ್ಲೊಬ್ಬರಾದ ಕಾರ್ಲೋಸ್ ಫೊನ್ಸೆಕಾ ಹತರಾದರು. ರಂಗವೇ ಮೂರು ಬಣಗಳಾಗಿ ಒಡೆದಿತ್ತು.

ಪರಿಸ್ಥಿತಿ ತಿರುಗಿದ್ದು 1978ರ ಜನವರಿ 10ರಂದು. ಸೊಮೋಸಾನನ್ನು ಎದುರಿಸುತ್ತಿದ್ದ ‘ಲಾ ಪ್ರೆನ್ಸಾ’ ಪತ್ರಿಕೆಯ ಸಂಪಾದಕ ಪೆಡ್ರೊ ಹೊಆಕಿನ್ ಚಮೊರ್ರೊ ಅವರನ್ನು ಹಾಡಹಗಲೇ ಬೀದಿಯಲ್ಲಿ ಗುಂಡಿಟ್ಟು ಕೊಂದರು. ಅಂಗಡಿ, ಕಾರ್ಖಾನೆಗಳು ಮುಚ್ಚಿದವು. ಮಸಾಯಾ ಪಟ್ಟಣದ ಮೂಲನಿವಾಸಿ ಕೇರಿ ಮೊನಿಂಬೊ, ರಂಗದ ಅಪ್ಪಣೆಗೆ ಕಾಯದೆ ಮನೆಯಲ್ಲೇ ಮಾಡಿದ ಬಾಂಬು ಹಿಡಿದು ದಂಗೆ ಎದ್ದಿತು. ಆಗಸ್ಟ್‌ನಲ್ಲಿ ಗಾರ್ಡ್ ಸಮವಸ್ತ್ರ ತೊಟ್ಟ ಸುಮಾರು 25 ಗೆರಿಲ್ಲಾಗಳು ರಾಷ್ಟ್ರೀಯ ಅರಮನೆಗೆ ನುಗ್ಗಿ ಸಂಸದರನ್ನೇ ಒತ್ತೆಯಿಟ್ಟು ತಮ್ಮ ಕೈದಿಗಳನ್ನು ಬಿಡಿಸಿಕೊಂಡರು. ಸೊಮೋಸಾ ತನ್ನದೇ ಪಟ್ಟಣಗಳ ಮೇಲೆ ವಿಮಾನದಿಂದ ಬಾಂಬು ಹಾಕಿಸಿದ. ಅಲ್ಲಿಂದ ಮುಂದೆ ಯುವಕರಿಗೆ ಮನೆಯಲ್ಲಿ ಕೂರುವುದೇ ಹೆಚ್ಚು ಅಪಾಯವಾಯಿತು. 1979ರ ಮಾರ್ಚ್‌ನಲ್ಲಿ ಮೂರು ಬಣಗಳೂ ಒಂದಾದವು. ಜುಲೈ 17ರಂದು ಸೊಮೋಸಾ ದೇಶ ಬಿಟ್ಟು ಓಡಿದ. ಗಾರ್ಡ್ ಪಡೆ ಎರಡೇ ದಿನದಲ್ಲಿ ಚೆದುರಿಹೋಯಿತು.

ಸ್ಯಾಂಡಿನಿಸ್ಟಾಗಳ ಹೊಸ ಸರ್ಕಾರದ ಮೊದಲ ವರ್ಷಗಳನ್ನು ಇಂದು ಕಡೆಗಣಿಸುವವರು ತಪ್ಪು ಮಾಡುತ್ತಾರೆ. 1980ರಲ್ಲಿ ಸಾವಿರಾರು ವಿದ್ಯಾರ್ಥಿಗಳು ಐದು ತಿಂಗಳು ಹಳ್ಳಿಗಳಲ್ಲಿದ್ದು ಅಕ್ಷರ ಕಲಿಸಿದರು. ಸರ್ಕಾರದ ಲೆಕ್ಕದಂತೆ ಅರ್ಧದಷ್ಟಿದ್ದ ಅನಕ್ಷರತೆ ಶೇ. 13ಕ್ಕೆ ಇಳಿಯಿತು. ಆದರೆ ಅಧಿಕಾರವೆಲ್ಲ ಒಂಬತ್ತು ಕಮಾಂಡರುಗಳ ನಿರ್ದೇಶನಾಲಯದ ಕೈಯಲ್ಲಿತ್ತು, ಮೆರವಣಿಗೆಗಳ ಘೋಷಣೆಯೇ ‘ನಿರ್ದೇಶನಾಲಯವೇ, ಅಪ್ಪಣೆ ಕೊಡು’ ಎಂದಿತ್ತು. ಯುದ್ಧಕ್ಕೆ ಬೇಕಾಗಿದ್ದ ಈ ವಿಧೇಯತೆ ಆಡಳಿತದಲ್ಲೂ ಉಳಿಯಿತು. ಮೂಲನಿವಾಸಿ ಮಿಸ್ಕಿಟೊ ಜನರನ್ನು ಅವರ ನದೀತೀರದಿಂದ ಬಲವಂತವಾಗಿ ಎಬ್ಬಿಸಿದ್ದು ಅದರ ಕಹಿ ಫಲ. ಅಮೆರಿಕ ಸಾಕಿದ ಕ್ರಾಂತಿವಿರೋಧಿ ಕಾಂಟ್ರಾ ಪಡೆಗಳ ಯುದ್ಧ ಆ ವಿಧೇಯತೆಯನ್ನು ಇನ್ನಷ್ಟು ಬಿಗಿಗೊಳಿಸಿತು. ಅಮೆರಿಕದ ನಡೆ ಕಾನೂನುಬಾಹಿರವೆಂದು 1986ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯವೇ ತೀರ್ಪಿತ್ತರೂ ಯುದ್ಧ ನಿಲ್ಲಲಿಲ್ಲ. ಕಡ್ಡಾಯ ಸೈನ್ಯಸೇವೆ, ಬೆಲೆಯೇರಿಕೆಗಳಿಂದ ಬಸವಳಿದ ಜನ 1990ರ ಚುನಾವಣೆಯಲ್ಲಿ ಹತ ಸಂಪಾದಕರ ಪತ್ನಿ ವಿಯೊಲೆಟಾ ಚಮೊರ್ರೊ ಅವರನ್ನು ಗೆಲ್ಲಿಸಿದರು.

ಸೋಲನ್ನೊಪ್ಪಿ ಕುರ್ಚಿ ಬಿಟ್ಟ ಸ್ಯಾಂಡಿನಿಸ್ಟಾ ಅಧ್ಯಕ್ಷ ಡೇನಿಯಲ್ ಒರ್ಟೇಗಾ 2007ರಲ್ಲಿ ಮರಳಿ ಅಧ್ಯಕ್ಷರಾದರು, ಮತ್ತೆ ಇಳಿಯಲಿಲ್ಲ. 1974ರಲ್ಲಿ ಅವರನ್ನು ಸೊಮೋಸಾನ ಸೆರೆಯಿಂದ ಬಿಡಿಸಿದ ದಾಳಿಯಲ್ಲಿ ಹ್ಯೂಗೊ ಟೊರೆಸ್ ಎಂಬ ಗೆರಿಲ್ಲಾ ಇದ್ದರು. ಅರಮನೆಯ ದಾಳಿಯಲ್ಲೂ ಇದ್ದರು. 2021ರ ಜೂನ್‌ನಲ್ಲಿ ಒರ್ಟೇಗಾ ಸರ್ಕಾರ ಅವರನ್ನು ಬಂಧಿಸಿತು. 2022ರ ಫೆಬ್ರವರಿಯಲ್ಲಿ ಅವರು ಬಂಧನದಲ್ಲೇ ತೀರಿಕೊಂಡರು.