ಹೇಳಿ, ಯಾರಿವರು?

ಪ್ರೌಢಶಾಲೆಯೊಂದರ ಸಾಹಿತ್ಯ ಸಂಘದ ಉದ್ಘಾಟನೆಗೆ ನಮ್ಮನ್ನು ಕರೆದಿದ್ದರು. ಇಂಥ ಕಡೆ ಭಾಷಣ ಮಾಡಿದರೆ ಹಿಂದಿನ ಬೆಂಚಿನವರು ನಿದ್ದೆಗೆ ಜಾರುತ್ತಾರೆ, ಮುಂದಿನವರು ಶಿಕ್ಷಕರ ಭಯಕ್ಕೆ ಕಣ್ಣು ತೆರೆದುಕೊಂಡೇ ನಿದ್ದೆ ಮಾಡುತ್ತಾರೆ ಎಂಬುದು ನಮ್ಮ ಅನುಭವ. ಹಾಗಾಗಿ ಒಂದು ಆಟ ಆಡಿಸೋಣ ಎಂದುಕೊಂಡೆವು. ನಾವು ಉರ್ದು ಶಾಲೆಯಲ್ಲಿದ್ದಾಗ ಶನಿವಾರದ ಕೊನೆಯ ಪೀರಿಯಡ್ಡಿನಲ್ಲಿ ಉಸ್ತಾದರು ಆಡಿಸುತ್ತಿದ್ದ ಆಟ ಅದು. ಹೆಸರು ಹೇಳದೆ ಒಬ್ಬರ ಬದುಕಿನ ಒಂದೊಂದೇ ಸಂಗತಿ ಹೇಳುತ್ತ ಹೋಗುವುದು. ಮೊದಲ ಸುಳಿವಿಗೇ ಗುರುತಿಸಿದರೆ ಐದು ಅಂಕ, ಐದನೆಯದಕ್ಕೆ ಒಂದು. ಮುಂದೆ ಕನ್ನಡ ಶಾಲೆಗೆ ಸೇರಿದಾಗ ಅಲ್ಲಿಯೂ ಇದೇ ಆಟವಿತ್ತು. ಹೆಸರು ಮಾತ್ರ 'ನಾನು ಯಾರು?'

"ಮೊದಲ ಸುಳಿವು. ಇವರು ಹುಟ್ಟಿದ್ದು ದೇವನಹಳ್ಳಿಯಲ್ಲಿ."

ಅರ್ಧ ತರಗತಿ ಎದ್ದು ನಿಂತಿತು. "ಟಿಪ್ಪು ಸುಲ್ತಾನ್, ಸಾರ್!"

"ಅಲ್ಲ. ಎರಡನೆಯದು, ಇವರಿಗೆ ಕಲ್ಲುಗಳ ಬಗ್ಗೆ ಚೆನ್ನಾಗಿ ಗೊತ್ತಿತ್ತು."

"ಕೋಟೆ ಕಟ್ಟೋಕೆ ಕಲ್ಲು ಬೇಕಲ್ವಾ ಸಾರ್? ಟಿಪ್ಪುವೇ!"

ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುತ್ತಿದ್ದರು ಎಂದಾಗ ಸದ್ದಡಗಿತು. 1978ರಲ್ಲಿ ಹೊರಬಂದ ಕನ್ನಡದ ಮೊದಲ ಭಾವಗೀತೆಗಳ ಕ್ಯಾಸೆಟ್ಟಿನಲ್ಲಿದ್ದದ್ದು ಇವರ ಕವಿತೆಗಳೇ ಎಂದಾಗ ಕಿಟಕಿಯ ಪಕ್ಕ ಕುಳಿತ ಹುಡುಗಿಯೊಬ್ಬಳು ಮೆಲ್ಲಗೆ, "ನಿಸಾರ್ ಅಹಮದ್?" ಎಂದಳು. ತಮಾಷೆಯೆಂದರೆ, ಸಭೆಯ ಆರಂಭದಲ್ಲಿ ಆ ಮಕ್ಕಳು ಹಾಡಿದ್ದು ಅವರದೇ ಹಾಡು.

ಮಕ್ಕಳನ್ನು ದೂರುವಂತಿಲ್ಲ. ದೇವನಹಳ್ಳಿ ಎಂದರೆ ಟಿಪ್ಪು ಎಂದು ಅವರಿಗೆ ಕಲಿಸಲಾಗಿದೆ, ಅದು ತಪ್ಪೂ ಅಲ್ಲ. ಅದೇ ಊರಿನಲ್ಲಿ 1936ರಲ್ಲಿ ಹುಟ್ಟಿದ ಮಗುವೊಂದು ದೊಡ್ಡದಾಗಿ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠದಲ್ಲಿ ಕುಳಿತದ್ದೂ ನಿಜ. ಆದರೆ ಗೊತ್ತಿರುವ ಒಂದು ಉತ್ತರ ಮನಸ್ಸಿನ ಬಾಗಿಲಲ್ಲಿ ಕಾಲು ಚಾಚಿ ಕುಳಿತುಬಿಟ್ಟರೆ ಹಿಂದಿನಿಂದ ಬರುವವರಿಗೆ ದಾರಿ ಎಲ್ಲಿ?

ಟಿಪ್ಪುವಿನ ಹೆಸರು ಬಂದೇ ಬಂದಿತೆಂದು ಅವನನ್ನೇ ಒಗಟಾಗಿಸಿದೆವು. "ರಾಕೆಟ್" ಎಂದೆವು. "ಅಬ್ದುಲ್ ಕಲಾಂ!" ಎಂಬ ಕೂಗು ಬಂತು. ಅದೂ ಪೂರ್ತಿ ತಪ್ಪಲ್ಲ. ತರುಣ ಕಲಾಂ ಅಮೆರಿಕದ ವಾಲಪ್ಸ್ ದ್ವೀಪದ ರಾಕೆಟ್ ಕೇಂದ್ರಕ್ಕೆ ಹೋಗಿದ್ದಾಗ ಅಲ್ಲಿ ಗೋಡೆಯ ಮೇಲೆ ಟಿಪ್ಪುವಿನ ಸೈನ್ಯ ಬ್ರಿಟಿಷರ ಮೇಲೆ ರಾಕೆಟ್ ಹಾರಿಸುವ ಚಿತ್ರ ಕಂಡು ಬೆರಗಾದದ್ದನ್ನು ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಎರಡನೆಯ ಸುಳಿವಾಗಿ, "ಶೃಂಗೇರಿ ಮಠದ ಸ್ವಾಮಿಗಳಿಗೆ ಕನ್ನಡದಲ್ಲಿ ಪತ್ರ ಬರೆಸಿದ ದೊರೆ, ಮಠ ಲೂಟಿಯಾದಾಗ ಶಾರದೆಯ ಪುನಃಪ್ರತಿಷ್ಠಾಪನೆಗೆ ನೆರವು ಕಳಿಸಿದವರು" ಎಂದೆವು. ಮಕ್ಕಳು ವಿಜಯನಗರದ ಅರಸರ ಹೆಸರು ಹೇಳಿದರು, ಒಡೆಯರ ಹೆಸರು ಹೇಳಿದರು. ಟಿಪ್ಪು ಎಂದು ಒಬ್ಬರೂ ಹೇಳಲಿಲ್ಲ. 1791ರಲ್ಲಿ ಮರಾಠಾ ಸೈನ್ಯದವರು ಮಠವನ್ನು ದೋಚಿದ ಮೇಲೆ ನಡೆದ ಪತ್ರವ್ಯವಹಾರ ಅದು. ಮೈಸೂರಿನ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು 1916ರಲ್ಲಿ ಆ ಪತ್ರಗಳನ್ನು ಬೆಳಕಿಗೆ ತಂದರು. ಕೊಡಗಿನವರನ್ನೋ ಮಲಬಾರಿನವರನ್ನೋ ಕೇಳಿದರೆ ಇದೇ ದೊರೆಯ ಬಗ್ಗೆ ಬೇರೆಯೇ ಸುಳಿವು ಕೊಡುತ್ತಾರೆ. ಅವೂ ದಾಖಲೆಯಲ್ಲಿವೆ, ಅವನ್ನು ನಾವು ಮುಚ್ಚಿಡಬೇಕಾಗಿಲ್ಲ. ಒಬ್ಬ ಮನುಷ್ಯನಿಗೆ ಒಂದೇ ಸುಳಿವು ಸಾಕು ಎನ್ನುವವರ ಬಗ್ಗೆ ಮಾತ್ರ ನಮ್ಮ ತಕರಾರು.

ಸುಳಿವುಗಳಿಂದ ಮನುಷ್ಯರನ್ನು ಗುರುತಿಸುವುದು ಒಂದು ಕಾಲಕ್ಕೆ ಮಕ್ಕಳ ಆಟವಾಗಿರಲಿಲ್ಲ, ದೊಡ್ಡ ವಿದ್ಯೆಯಾಗಿತ್ತು. ಹದೀಸ್ ಸಂಗ್ರಹಿಸಿದ ವಿದ್ವಾಂಸರಿಗೆ ಒಂದು ತೊಡಕು ಎದುರಾಯಿತು. ಒಂದು ಮಾತನ್ನು ಇಂಥವರಿಂದ ಇಂಥವರು ಕೇಳಿದರು ಎಂಬ ಸರಪಳಿಯಲ್ಲಿ ಬರುವ ಒಬ್ಬೊಬ್ಬರೂ ಯಾರು, ನಂಬಲು ಅರ್ಹರೇ ಎಂದು ತಿಳಿಯಬೇಕು. ಆದರೆ ಎಲ್ಲಿ ನೋಡಿದರೂ ಮುಹಮ್ಮದ್, ಅಬ್ದುಲ್ಲಾ, ಅಹ್ಮದ್! ಆಗ ಹುಟ್ಟಿದ ಊರು, ತೀರಿಕೊಂಡ ವರ್ಷ, ಗುರು ಯಾರು, ಶಿಷ್ಯರು ಯಾರು, ಮಾಡುತ್ತಿದ್ದ ಕಸುಬೇನು, ಯಾವ ಊರಿಗೆ ಯಾವಾಗ ಹೋಗಿದ್ದರು ಎಂದೆಲ್ಲ ಹುಡುಕಿ ಬರೆದಿಟ್ಟರು. ಗುರು ತೀರಿಕೊಂಡ ಮೇಲೆ ಹುಟ್ಟಿದವನು ಆ ಗುರುವಿನಿಂದ ನೇರವಾಗಿ ಕೇಳಿದೆ ಎಂದರೆ ಸಿಕ್ಕಿಬೀಳುತ್ತಿದ್ದ. ಈ ಶಾಸ್ತ್ರಕ್ಕೆ ಉರ್ದುವಿನಲ್ಲಿ ಅಸ್ಮಾಉರ್ರಿಜಾಲ್ ಎನ್ನುತ್ತಾರೆ. 1071ರಲ್ಲಿ ತೀರಿಕೊಂಡ ಖತೀಬ್ ಬಗ್ದಾದಿ ಎಂಬ ವಿದ್ವಾಂಸರು ಒಂದೇ ಹೆಸರಿನ ಬೇರೆ ಬೇರೆ ವ್ಯಕ್ತಿಗಳನ್ನು ಬಿಡಿಸಿ ತೋರಿಸಲೆಂದೇ ಒಂದು ಗ್ರಂಥ ಬರೆದರು. ಇಮಾಮ್ ಬುಖಾರಿಯವರ ಹೆಸರು ಮುಹಮ್ಮದ್, ಅವರ ಶಿಷ್ಯ ಇಮಾಮ್ ತಿರ್ಮಿಝಿಯವರ ಹೆಸರೂ ಮುಹಮ್ಮದ್. ಇವತ್ತು ನಾವು ಅವರನ್ನು ಬೇರೆ ಬೇರೆಯಾಗಿ ಗುರುತಿಸುವುದು ಬುಖಾರಾ, ತಿರ್ಮಿಝ್ ಎಂಬ ಎರಡು ಊರುಗಳ ದೆಸೆಯಿಂದ.

ಹೆಸರಿನಲ್ಲಿರುವ ಸುಳಿವು ದಾರಿ ತಪ್ಪಿಸುವುದೂ ಉಂಟು. ಖಯ್ಯಾಮ್ ಎಂದರೆ ಡೇರೆ ಹೊಲಿಯುವವನು. ಉಮರ್ ಖಯ್ಯಾಮರು ಹೊಲಿದದ್ದು ಡೇರೆಯನ್ನಲ್ಲ. ಬೀಜಗಣಿತದಲ್ಲಿ ಘನ ಸಮೀಕರಣಗಳನ್ನು ಬಿಡಿಸಿದರು, 1079ರಲ್ಲಿ ಜಾರಿಗೆ ಬಂದ ಸೌರ ಪಂಚಾಂಗಕ್ಕೆ ದುಡಿದರು.

ಕನ್ನಡದವರಿಗೆ ಇದು ಹೊಸತೇನಲ್ಲ. ವಚನಕಾರರು ಕಸುಬನ್ನೇ ಹೆಸರಿಗೆ ಮುಂದಿಟ್ಟುಕೊಂಡರು: ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ. ಇನ್ನು ಅಂಕಿತವೆಂದರೆ ಕವಿ ತಾನೇ ಕೊನೆಯಲ್ಲಿ ಬಿಟ್ಟುಹೋಗುವ ಸುಳಿವು. ಕೂಡಲಸಂಗಮದೇವ ಎಂದ ಕೂಡಲೇ ಬಸವಣ್ಣ, ಚೆನ್ನಮಲ್ಲಿಕಾರ್ಜುನ ಎಂದ ಕೂಡಲೇ ಅಕ್ಕ. ಉರ್ದು ಗಜಲಿನ ಕೊನೆಯ ಶೇರ್‌ನಲ್ಲಿ ಶಾಯರನ ತಖಲ್ಲುಸ್ ಬರುವುದೂ ಹೀಗೆಯೇ. ಎರಡೂ ಶಾಲೆಗಳಲ್ಲಿ ಓದಿದ ನಮಗೆ ಇವೆರಡೂ ಒಂದೇ ಮನೆಯ ಎರಡು ಬಾಗಿಲುಗಳಂತೆ ಕಾಣುತ್ತವೆ.

ಆ ಅಂಕಿತಗಳ ಸಾಲಿನಲ್ಲಿ 'ಶಿಶುನಾಳಧೀಶ' ಎಂಬುದನ್ನು ಇಟ್ಟು ನೋಡಿ. ಹುಟ್ಟಿದ್ದು 1819, ತಂದೆ ಇಮಾಮ್ ಸಾಹೇಬರು, ಗುರು ಕಳಸದ ಗೋವಿಂದ ಭಟ್ಟರು, ಕೆಲಕಾಲ ಶಾಲಾ ಮಾಸ್ತರಿಕೆ. ತಂದೆಯ ಹೆಸರನ್ನು ಮೊದಲ ಸುಳಿವಾಗಿ ಕೊಟ್ಟರೆ ಕೇಳುವವರು ಒಂದು ಕಡೆ ಹುಡುಕುತ್ತಾರೆ, ಗುರುವಿನ ಹೆಸರನ್ನು ಕೊಟ್ಟರೆ ಇನ್ನೊಂದು ಕಡೆ. ಷರೀಫಜ್ಜ ಮಾತ್ರ ತಮ್ಮ ಅಂಕಿತದಲ್ಲಿ ಊರನ್ನೂ ಊರ ದೈವವನ್ನೂ ಇಟ್ಟು ಸುಮ್ಮನಾದರು.

ಶಾಲೆಯ ಆಟಕ್ಕೆ ಮರಳೋಣ. "ಸರಸ್ವತಿ, ಗಣಪತಿಯರನ್ನು ಸ್ತುತಿಸಿ ಹಾಡುಗಳನ್ನು ಬರೆದರು. ತಮ್ಮ ತಂಬೂರಿಗೆ ಪ್ರೀತಿಯಿಂದ ಹೆಸರಿಟ್ಟಿದ್ದರು. ಜನ ಇವರನ್ನು ಜಗದ್ಗುರು ಎಂದು ಕರೆದರು." ಪುರಂದರದಾಸರು, ಕನಕದಾಸರು, ಶಂಕರಾಚಾರ್ಯರು ಎಂದು ಉತ್ತರಗಳ ಮಳೆ. ತಂಬೂರಿಯ ಹೆಸರು ಮೋತಿ ಖಾನ್ ಎಂದಾಗ ಇಡೀ ತರಗತಿ ನಕ್ಕಿತು. 1580ರಿಂದ 1627ರವರೆಗೆ ಬಿಜಾಪುರವನ್ನಾಳಿದ ಎರಡನೇ ಇಬ್ರಾಹಿಂ ಆದಿಲ್ ಶಾಹ್. ಆತನ 'ಕಿತಾಬೆ ನವರಸ್' ದಖನಿಯಲ್ಲಿದೆ. ಅದರಲ್ಲಿ ಸರಸ್ವತಿಯೂ ಇದ್ದಾಳೆ, ಕಲಬುರಗಿಯ ಖ್ವಾಜಾ ಬಂದೇ ನವಾಜರೂ ಇದ್ದಾರೆ. ಇಬ್ರಾಹಿಂ ರೋಜಾ ನೋಡಲು ಪ್ರವಾಸ ಹೋಗಿಬಂದಿದ್ದ ಮಕ್ಕಳೂ ಅಲ್ಲಿದ್ದರು. ಗೋರಿ ನೋಡಿದ್ದರು, ಅದರಲ್ಲಿ ಮಲಗಿದವನ ಹಾಡಿನ ಸುದ್ದಿ ಕೇಳಿರಲಿಲ್ಲ.

ಒಂಬತ್ತರ ವಯಸ್ಸಿನ ಈ ಹುಡುಗ ಪಟ್ಟಕ್ಕೆ ಬಂದಾಗ ರಾಜ್ಯ ನೋಡಿಕೊಂಡವಳು ಚಾಂದ್ ಬೀಬಿ. ಅವಳಿಗೆ ಸುಳಿವು ಹೊಂದಿಸುವಾಗ ನಮಗೇ ಮುಜುಗರವಾಯಿತು. ಅಹ್ಮದ್‌ನಗರದ ಹುಸೇನ್ ನಿಜಾಮ್ ಶಾಹನ ಮಗಳು, ಬಿಜಾಪುರದ ಅಲಿ ಆದಿಲ್ ಶಾಹನ ಹೆಂಡತಿ, ಇಬ್ರಾಹಿಮನ ದೊಡ್ಡಮ್ಮ. ಮೂರೂ ಗಂಡಸರ ಲೆಕ್ಕದ್ದೇ. 1595ರ ಕೊನೆಯಲ್ಲಿ ಅಕ್ಬರನ ಸೈನ್ಯ ಅಹ್ಮದ್‌ನಗರವನ್ನು ಮುತ್ತಿದಾಗ ಕೋಟೆಯನ್ನು ಕಾದವಳು ಎಂಬುದು ಅವಳದೇ ಸುಳಿವು. ಅದನ್ನೇ ಮೊದಲು ಹೇಳಿದೆವು. ಹುಡುಗರು ಶಿವಾಜಿ ಎಂದರು. ಹೆಂಗಸು ಎಂದು ತಿದ್ದಿದಾಗ ಒನಕೆ ಓಬವ್ವ, ಕಿತ್ತೂರು ಚೆನ್ನಮ್ಮ ಬಂದರು. ಕೋಟೆ ಕಾದ ಹೆಂಗಸರು ಇವರಿಗೆ ಗೊತ್ತಿದ್ದಾರಲ್ಲ ಎಂದು ಸಂತೋಷವೇ ಆಯಿತು.

ನಮಗೆ ಅತ್ಯಂತ ಪ್ರಿಯವಾದ ಒಗಟು ಇದೇ ಅಹ್ಮದ್‌ನಗರದ್ದು. ಹುಟ್ಟಿದ್ದು ಆಫ್ರಿಕದ ಇಥಿಯೋಪಿಯಾದಲ್ಲಿ. ಬಾಲ್ಯದಲ್ಲೇ ಗುಲಾಮನಾಗಿ ಮಾರಾಟ. ಕೈಯಿಂದ ಕೈಗೆ ದಾಟಿ, ಬಗ್ದಾದ್ ಕಂಡು, ಕಡಲು ದಾಟಿ ದಖನಿಗೆ ಬಂದ. ಕೊಂಡುಕೊಂಡವನೂ ಒಂದು ಕಾಲದಲ್ಲಿ ಗುಲಾಮನಾಗಿದ್ದ ಹಬ್ಶಿಯೇ. ಆ ಒಡೆಯ ಸತ್ತ ಮೇಲೆ ಬಿಡುಗಡೆ. ಸ್ವಲ್ಪ ಕಾಲ ಬಿಜಾಪುರದ ಸೈನ್ಯದಲ್ಲಿದ್ದ. 1600ರಲ್ಲಿ ಅಹ್ಮದ್‌ನಗರದ ಕೋಟೆ ಮೊಗಲರ ಪಾಲಾದಾಗ ಉಳಿದವರನ್ನು ಕೂಡಿಸಿ, ನಿಜಾಮ್ ಶಾಹಿ ವಂಶದ ಹುಡುಗನೊಬ್ಬನನ್ನು ಪಟ್ಟಕ್ಕೇರಿಸಿ, ಕಾಲು ಶತಮಾನ ದಿಲ್ಲಿಯ ಸೈನ್ಯವನ್ನು ಗುಡ್ಡಗಾಡಿನಲ್ಲಿ ಅಲೆದಾಡಿಸಿದ. 1610ರಲ್ಲಿ ಖಡ್ಕಿ ಎಂಬ ಊರು ಕಟ್ಟಿ ನೆಲದಡಿಯ ಕಾಲುವೆಗಳಲ್ಲಿ ನೀರು ತಂದ. ಆ ಊರಿಗೆ ಮುಂದೆ ಔರಂಗಾಬಾದ್ ಎಂದು ಹೆಸರಾಯಿತು, 2023ರಲ್ಲಿ ಛತ್ರಪತಿ ಸಂಭಾಜಿನಗರವಾಯಿತು. ಕಟ್ಟಿದವನ ಹೆಸರು ಯಾವುದರಲ್ಲೂ ಇಲ್ಲ.

ಮಲಿಕ್ ಅಂಬರ್ ಎಂಬ ಹೆಸರು ಆ ತರಗತಿಯಲ್ಲಿ ಯಾರಿಗೂ ಹೊಳೆಯಲಿಲ್ಲ. ಹೇಳಿದ ಮೇಲೂ ಒಬ್ಬ ಹುಡುಗ, "ಗುಲಾಮ ರಾಜನಾಗೋದು ಹೇಗೆ ಸಾರ್?" ಎಂದು ಕೇಳಿದ. ರಾಜನಾಗಲಿಲ್ಲ, ರಾಜನನ್ನು ಮಾಡಿದ ಎಂದೆವು. ಕೊನೆಯ ಸುಳಿವಾಗಿ ಒಂದು ಚಿತ್ರದ ಕತೆ ಹೇಳಿದೆವು. ಜಹಾಂಗೀರ ಬಾದಶಾಹನ ಆಸ್ಥಾನದ ಅಬುಲ್ ಹಸನ್ ಬರೆದ ಚಿತ್ರ ಅದು. ಬಾದಶಾಹ ಭೂಗೋಳದ ಮೇಲೆ ನಿಂತು, ಈಟಿಯ ತುದಿಗೆ ಸಿಕ್ಕಿಸಿದ ಅಂಬರನ ರುಂಡಕ್ಕೆ ಬಾಣ ಹೂಡಿದ್ದಾನೆ. ಯುದ್ಧಭೂಮಿಯಲ್ಲಿ ಒಮ್ಮೆಯೂ ಸಿಗದ ತಲೆ ಕಾಗದದ ಮೇಲೆ ಸಿಕ್ಕಿತು! ಅಂಬರ್ 1626ರಲ್ಲಿ ಮುಪ್ಪಿನಿಂದ ತೀರಿಕೊಂಡ. ಬದುಕಿದ್ದಾಗ ಜಹಾಂಗೀರ ತನ್ನ ದಿನಚರಿಯಲ್ಲಿ ಅವನನ್ನು ಬೈಯದೆ ಹೆಸರಿಸಿದ್ದು ಕಡಿಮೆ. ಸತ್ತ ಮೇಲೆ ಅದೇ ಆಸ್ಥಾನದ ಚರಿತ್ರಕಾರ ಮುತಮದ್ ಖಾನ್ ಯುದ್ಧದಲ್ಲೂ ಆಡಳಿತದಲ್ಲೂ ಅವನಿಗೆ ಸಾಟಿಯಿರಲಿಲ್ಲ ಎಂದು ಬರೆದ. ಶತ್ರು ಕೊಟ್ಟ ಈ ಸುಳಿವು ನಮಗೆ ಮಿತ್ರರ ಹೊಗಳಿಕೆಗಿಂತ ಹೆಚ್ಚು ನಂಬಿಕೆಯದೆನಿಸುತ್ತದೆ.

ಇಷ್ಟೆಲ್ಲ ಆಡಿಸಿ, ಮಕ್ಕಳ ತಪ್ಪು ಉತ್ತರಗಳನ್ನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತ ಶಿಕ್ಷಕರ ಕೊಠಡಿಗೆ ಬಂದೆವು. ಅಲ್ಲೊಬ್ಬರು ನಿವೃತ್ತ ಮೇಷ್ಟ್ರು, ಧಾರವಾಡದ ಕಡೆಯವರು, ಚಹಾ ಕುಡಿಯುತ್ತ ಕುಳಿತಿದ್ದರು. "ಭಾಳ ಚಲೋ ಆತ್ರಿ ಸಾಹೇಬ್ರ ನಿಮ್ಮ ಆಟ. ಈಗ ನಾ ಒಂದು ಕೇಳ್ತೀನಿ, ನೀವು ಹೇಳ್ರಿ" ಎಂದರು. ಹಿಂದೂಸ್ತಾನಿ ಗಾಯಕರು. ಮೈಸೂರು ಅರಮನೆಯಲ್ಲಿ ಹಾಡಿದವರು. ಕರ್ನಾಟಕ ಸಂಗೀತವನ್ನು ಶ್ರದ್ಧೆಯಿಂದ ಕಲಿತು ತ್ಯಾಗರಾಜರ ಕೃತಿಯನ್ನು ತಟ್ಟೆಗೆ ಹಾಡಿದವರು.

ನಾವು ಯೋಚಿಸಿ, "ಭಾಸ್ಕರಬುವಾ ಬಖಲೆ" ಎಂದೆವು.

"ಅಲ್ಲರಿ. ಕುಂದಗೋಳದ ಸವಾಯಿ ಗಂಧರ್ವರ ಗುರುಗಳು. ಗದಗಿನ ಹುಡುಗ ಭೀಮಸೇನ ಜೋಶಿ ಮನಿ ಬಿಟ್ಟು ಓಡಿಹೋಗಿದ್ದು ಇವರ ತಟ್ಟೆ ಕೇಳೇ."

ಆಗ ತಲೆ ತಗ್ಗಿತು. ಉಸ್ತಾದ್ ಅಬ್ದುಲ್ ಕರೀಂ ಖಾನ್. ಕಿರಾನಾ ಘರಾನೆಯ ಈ ಉಸ್ತಾದರ ತಟ್ಟೆಗಳನ್ನು ನಾವೇ ಎಷ್ಟು ಸಲ ಕೇಳಿದ್ದೇವೆ! ಆದರೂ ತ್ಯಾಗರಾಜರ ಹೆಸರು ಕೇಳಿದ ಕೂಡಲೇ ನಮ್ಮ ಮನಸ್ಸು ಖಾನ್ ಸಾಹೇಬರ ಮನೆಯ ಬೀದಿಯನ್ನೇ ಬಿಟ್ಟು ಹುಡುಕಿತ್ತು. ದೇವನಹಳ್ಳಿ ಎಂದರೆ ಟಿಪ್ಪು ಎಂದ ಮಕ್ಕಳಿಗೂ ನಮಗೂ ಏನು ವ್ಯತ್ಯಾಸ?

ಮೇಷ್ಟ್ರು ನಮ್ಮ ಮುಖ ನೋಡಿ ನಕ್ಕು, ಉಳಿದ ಸುಳಿವುಗಳನ್ನೂ ಹೇಳಿಯೇಬಿಟ್ಟರು. 1937ರ ಅಕ್ಟೋಬರ್. ಖಾನ್ ಸಾಹೇಬರು ಮದ್ರಾಸಿನ ಕಡೆಯಿಂದ ಪಾಂಡಿಚೇರಿಗೆ ರೈಲಿನಲ್ಲಿ ಹೊರಟಿದ್ದರು. ದಾರಿಯಲ್ಲಿ ಎದೆನೋವು ಕಾಣಿಸಿಕೊಂಡಿತು. ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿದರು. ನರಸಿಂಹ ದೇವರ ಗುಡಿಯಿಂದ ಹೆಸರು ಪಡೆದ ಊರು ಅದು. ಅಲ್ಲಿಯೇ ಪ್ರಾರ್ಥನೆ ಮಾಡಿ ಕಣ್ಣು ಮುಚ್ಚಿದರು. ಮೀರಜ್‌ನ ದರ್ಗಾದಲ್ಲಿ ಅವರ ಸಮಾಧಿಯಾಯಿತು. ಅಲ್ಲಿಯ ಉರೂಸಿನಲ್ಲಿ ಅವರ ನೆನಪಿಗೆಂದು ಗಾಯಕರು ರಾತ್ರಿಯಿಡೀ ಹಾಡುತ್ತಾರೆ.

"ಎಷ್ಟು ಅಂಕ ಕೊಡ್ಲಿರಿ?" ಎಂದರು ಮೇಷ್ಟ್ರು.

ಕೊನೆಯ ಸುಳಿವಿಗೆ ಹೇಳಿದವರಿಗೆ ಒಂದು ಎಂಬ ನಿಯಮ ಮಾಡಿದವರು ನಾವೇ. ಆ ಒಂದನ್ನೂ ಕೇಳಲು ಬಾಯಿ ಬರಲಿಲ್ಲ. ಚಹಾ ಆರಿತ್ತು, ಕುಡಿದೆವು.