ಸೀಮೆ ದಾಟಿದ ಮಕ್ಕಳು

ಆನವಟ್ಟಿಯಿಂದ ಹಾನಗಲ್ಲಿನ ಕಡೆಗೆ ಹೆಣ್ಣು ಕೊಡುವುದು, ಮಾಸೂರಿನ ಕಡೆಯಿಂದ ಶಿಕಾರಿಪುರಕ್ಕೆ ಹೆಣ್ಣು ತರುವುದು ನಮ್ಮಲ್ಲಿ ಎಷ್ಟೋ ತಲೆಮಾರಿನಿಂದ ನಡೆದು ಬಂದಿದೆ. ಭಾಷೆ ಒಂದೇ, ದೇವರು ದಿಂಡರು ಒಂದೇ. ರೊಟ್ಟಿ ಹೆಚ್ಚೋ ಅನ್ನ ಹೆಚ್ಚೋ ಎಂಬುದಷ್ಟೇ ವ್ಯತ್ಯಾಸ. ಆದರೆ 1956ರ ನವೆಂಬರ್ 1ರವರೆಗೆ ಈ ಊರುಗಳ ನಡುವೆ ರಾಜ್ಯದ ಗಡಿಯಿತ್ತು. ಈ ಕಡೆ ಮೈಸೂರು, ಆ ಕಡೆ ಮುಂಬಯಿ. 1947ಕ್ಕೆ ಮೊದಲಂತೂ ಈ ಕಡೆ ಮಹಾರಾಜರ ಸಂಸ್ಥಾನ, ಆ ಕಡೆ ಬ್ರಿಟಿಷರ ನೇರ ಆಳ್ವಿಕೆ. ಗಂಡನೊಡನೆ ಬಾಳುವೆ ಕೂಡಿಬರದೆ, ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ತವರಿಗೆ ಹೊರಟ ಹೆಂಗಸು ಒಂದು ಹಗಲಿನ ಗಾಡಿದಾರಿಯಲ್ಲೇ ಒಂದು ಕಾನೂನಿನ ಸೀಮೆಯಿಂದ ಇನ್ನೊಂದಕ್ಕೆ ದಾಟಿಬಿಡುತ್ತಿದ್ದಳು. ಅವಳಿಗೆ ಅದರ ಅರಿವಿತ್ತೋ ಇಲ್ಲವೋ, ಹೇಳುವವರು ಯಾರು?

ಇದನ್ನೇ ಈಗಿನ ವಕೀಲರು ಮಗುವಿನ ಸ್ಥಳಾಂತರ ಎನ್ನುತ್ತಾರೆ. ಬೇರೆಯಾದ ತಂದೆ ಅಥವಾ ತಾಯಿ ಮಗುವನ್ನು ಕರೆದುಕೊಂಡು ಬೇರೆ ಊರಿಗೋ ದೇಶಕ್ಕೋ ಹೋಗಬಹುದೆ, ಯಾರ ಅನುಮತಿ ಬೇಕು ಎಂಬ ಪ್ರಶ್ನೆ. ಪತ್ರಿಕೆಗಳಲ್ಲಿ ಇದು ಅಮೆರಿಕಾಕ್ಕೆ ಹೋದ ಇಂಜಿನಿಯರ್ ದಂಪತಿಗಳ ಸುದ್ದಿಯಾಗಿ ಬರುತ್ತದೆ. ಸೊರಬ, ಶಿಕಾರಿಪುರದಂಥ ಊರುಗಳಲ್ಲಿ ಅದರ ಹೆಸರು 'ತವರಿಗೆ ಹೋಗಿ ಕೂರುವುದು', ಅಷ್ಟೆ. ಸಮಾಜ ಪಾಠ ಹೇಳುವ ನನಗೆ ಈ ಕಾನೂನಿನ ಚರಿತ್ರೆಯನ್ನು ಹುಡುಕಿ ಓದುವ ಗೀಳು ಹತ್ತಿದ್ದು ಶಾಲೆಯ ಟಿ.ಸಿ. ಪುಸ್ತಕದಿಂದ. ಅದನ್ನು ಮುಂದೆ ಹೇಳುತ್ತೇನೆ.

ಬ್ರಿಟಿಷ್ ಸರಕಾರ 1890ರಲ್ಲಿ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಆಕ್ಟ್ ಎಂಬ ಕಾಯಿದೆ ಮಾಡಿತು. ಅದರ 9ನೇ ಕಲಮಿನ ಪ್ರಕಾರ, ಮಗು ಸಾಮಾನ್ಯವಾಗಿ ಎಲ್ಲಿ ವಾಸವಾಗಿದೆಯೋ ಅಲ್ಲಿನ ಜಿಲ್ಲಾ ನ್ಯಾಯಾಲಯಕ್ಕೆ ಅರ್ಜಿ ಹೋಗಬೇಕು. 26ನೇ ಕಲಮಿನ ಪ್ರಕಾರ, ಕೋರ್ಟು ನೇಮಿಸಿದ ಪಾಲಕರು ಆ ಕೋರ್ಟಿನ ಅಪ್ಪಣೆಯಿಲ್ಲದೆ ಮಗುವನ್ನು ಅದರ ಅಧಿಕಾರದ ಎಲ್ಲೆಯಿಂದಾಚೆ ಒಯ್ಯಕೂಡದು. ಎಲ್ಲೆ ಎಂದರೆ ಜಿಲ್ಲೆಯ ಎಲ್ಲೆ. ಇದರ ತಮಾಷೆ ನೋಡಿ. ಸೊರಬದಿಂದ ಶಿಕಾರಿಪುರಕ್ಕೆ ಮಗುವನ್ನು ಕರೆತಂದರೆ ಶಿವಮೊಗ್ಗ ಜಿಲ್ಲೆಯೊಳಗೇ ಇದ್ದಂತಾಯಿತು. ಶಿಕಾರಿಪುರದಿಂದ ಪಕ್ಕದ ಹಿರೇಕೆರೂರಿಗೆ ಹೋದರೆ ಎಲ್ಲೆ ದಾಟಿದಂತಾಯಿತು. ಹೊನ್ನಾಳಿಗೆ ಹೋದರೆ 1997ರವರೆಗೆ ದಾಟಿದಂತಲ್ಲ, ಆ ವರ್ಷ ಹೊನ್ನಾಳಿ ಹೊಸ ದಾವಣಗೆರೆ ಜಿಲ್ಲೆಗೆ ಸೇರಿದ ಮೇಲೆ ದಾಟಿದಂತೆ! ನಕಾಶೆ ಬರೆಯುವವರಿಗೆ ಮಕ್ಕಳ ಯೋಚನೆ ಎಲ್ಲಿಂದ ಬರಬೇಕು.

ಈ ಕಾಯಿದೆಯ ಮೊದಲ ದೊಡ್ಡ ಪರೀಕ್ಷೆಗಳಲ್ಲಿ ಒಂದು ನಮಗೆಲ್ಲ ಗೊತ್ತಿರುವ ಹೆಸರುಗಳದು. ಜಿಡ್ಡು ಕೃಷ್ಣಮೂರ್ತಿಯವರ ತಂದೆ ನಾರಾಯಣಯ್ಯನವರು ನಿವೃತ್ತ ಸರಕಾರಿ ನೌಕರರು. ಹೆಂಡತಿ ತೀರಿಕೊಂಡ ಮೇಲೆ ಮಕ್ಕಳೊಂದಿಗೆ ಮದರಾಸಿನ ಅಡ್ಯಾರಿಗೆ ಬಂದು ಥಿಯಾಸಾಫಿಕಲ್ ಸೊಸೈಟಿಯ ಕೆಲಸಕ್ಕೆ ನಿಂತರು. 1910ರಲ್ಲಿ ಕೃಷ್ಣಮೂರ್ತಿ ಮತ್ತು ನಿತ್ಯಾನಂದ ಎಂಬ ಇಬ್ಬರು ಗಂಡುಮಕ್ಕಳ ಪಾಲನೆಯನ್ನು ಆನಿ ಬೆಸೆಂಟರಿಗೆ ಬರೆದುಕೊಟ್ಟರು. 1912ರಲ್ಲಿ ಬೆಸೆಂಟ್ ಹುಡುಗರನ್ನು ವಿದ್ಯಾಭ್ಯಾಸಕ್ಕೆಂದು ಇಂಗ್ಲೆಂಡಿಗೆ ಕರೆದೊಯ್ದರು. ಅದೇ ವರ್ಷ ತಂದೆಯ ಮನಸ್ಸು ತಿರುಗಿತು. ಮಕ್ಕಳನ್ನು ಹಿಂದಕ್ಕೆ ಕೊಡಿಸಿ ಎಂದು ಚೆಂಗಲ್‌ಪಟ್ಟು ಜಿಲ್ಲಾ ಕೋರ್ಟಿನಲ್ಲಿ ದಾವೆ ಹೂಡಿದರು. ದಾವೆ ಮದರಾಸ್ ಹೈಕೋರ್ಟಿಗೆ ವರ್ಗವಾಯಿತು. 1913ರಲ್ಲಿ ತೀರ್ಪು ತಂದೆಯ ಕಡೆಗಾಯಿತು, ಅಪೀಲಿನಲ್ಲೂ ಅವರೇ ಗೆದ್ದರು. ಬೆಸೆಂಟ್ ಲಂಡನ್ನಿನ ಪ್ರಿವಿ ಕೌನ್ಸಿಲಿಗೆ ಹೋದರು. 1914ರಲ್ಲಿ ಅಲ್ಲಿ ಎಲ್ಲವೂ ತಲೆಕೆಳಗಾಯಿತು.

ಪ್ರಿವಿ ಕೌನ್ಸಿಲ್ ಹೇಳಿದ್ದರ ಸಾರಾಂಶ ಇಷ್ಟು. ತಂದೆ ತನ್ನ ಪಾಲಕತ್ವವನ್ನು ಇನ್ನೊಬ್ಬರಿಗೆ ಒಪ್ಪಿಸಿದರೂ ಹಿಂದಕ್ಕೆ ಪಡೆಯಬಹುದು ಎಂಬುದು ಸರಿ. ಆದರೆ ದಾವೆ ಹೂಡುವ ಹೊತ್ತಿಗೆ ಹುಡುಗರು ಇಂಗ್ಲೆಂಡಿನಲ್ಲಿದ್ದರು. ಅವರು ಸಾಮಾನ್ಯವಾಗಿ ಚೆಂಗಲ್‌ಪಟ್ಟಿನಲ್ಲಿ ವಾಸವಾಗಿದ್ದರು ಎನ್ನಲು ಬರುವುದಿಲ್ಲ. ಹೀಗಾಗಿ ಅಲ್ಲಿನ ಕೋರ್ಟಿಗೆ ಅಧಿಕಾರವೇ ಇರಲಿಲ್ಲ. ಅಲ್ಲದೆ ಬೆಳೆದ ಹುಡುಗರ ಇಚ್ಛೆ ಏನೆಂದು ಯಾರೂ ಕೇಳಲೇ ಇಲ್ಲ.

ಈ ಎರಡು ಮಾತುಗಳಲ್ಲಿ ಎರಡನೆಯದು ನನಗೆ ತುಂಬ ಹಿಡಿಸಿತು, ಮೊದಲನೆಯದು ದಿಗಿಲು ಹುಟ್ಟಿಸಿತು. ಯಾರು ಮೊದಲು ಮಗುವನ್ನು ಕರೆದೊಯ್ಯುತ್ತಾರೋ ಅವರು ಹೋದ ಕಡೆಗೆ ಕಾನೂನು ಹಿಂದಿನಿಂದ ನಡೆದುಕೊಂಡು ಹೋಗಬೇಕು ಎಂದ ಹಾಗಾಯಿತಲ್ಲ? ನೂರು ವರ್ಷ ದಾಟಿದರೂ ಸ್ಥಳಾಂತರದ ಮೊಕದ್ದಮೆಗಳಲ್ಲಿ ದೊಡ್ಡ ವಕೀಲ ಕಾಲವೇ. ಮಗು ಹೊಸ ಶಾಲೆಗೆ ಸೇರಿ, ಗೆಳೆಯರನ್ನು ಮಾಡಿಕೊಂಡು, ಎರಡು ಪರೀಕ್ಷೆ ಬರೆದುಬಿಟ್ಟರೆ ಅದನ್ನು ಅಲ್ಲಿಂದ ಕೀಳಲು ಯಾವ ನ್ಯಾಯಾಧೀಶರಿಗೂ ಮನಸ್ಸಾಗದು. ಇನ್ನೊಂದು ಮಾತು. ಆ ಇಡೀ ಮೊಕದ್ದಮೆಯಲ್ಲಿ ತಾಯಿ ಇರಲಿಲ್ಲ, ತೀರಿಕೊಂಡಿದ್ದರು. ಬದುಕಿದ್ದಿದ್ದರೆ ಅವರನ್ನು ಯಾರಾದರೂ ಒಂದು ಮಾತು ಕೇಳುತ್ತಿದ್ದರೆ?

ಕೇಳುತ್ತಿರಲಿಲ್ಲ ಎಂದೇ ನನ್ನ ಅಂದಾಜು. ಆ ಕಾಯಿದೆ ಬರೆದವರ ಸ್ವಂತ ದೇಶದ ಕಥೆಯೇ ಹಾಗಿತ್ತು. ಕ್ಯಾರೊಲಿನ್ ನಾರ್ಟನ್ ಎಂಬ ಇಂಗ್ಲಿಷ್ ಲೇಖಕಿ 1836ರಲ್ಲಿ ಗಂಡನಿಂದ ಬೇರೆಯಾದಾಗ ಆತ ಮೂವರು ಗಂಡುಮಕ್ಕಳನ್ನು ತನ್ನ ಬಳಿ ಇಟ್ಟುಕೊಂಡ. ಆಗಿನ ಕಾನೂನಿನಲ್ಲಿ ಮಕ್ಕಳು ತಂದೆಯವೇ. ಆಕೆ ಸುಮ್ಮನಿರದೆ ಬರೆದು, ಪಾರ್ಲಿಮೆಂಟಿನ ಸದಸ್ಯರ ಬೆನ್ನು ಹತ್ತಿದ್ದರಿಂದ 1839ರಲ್ಲಿ ಒಂದು ಕಾಯಿದೆ ಬಂತು. ಏಳು ವರ್ಷದೊಳಗಿನ ಮಕ್ಕಳಿಗಾಗಿ ತಾಯಿ ಅರ್ಜಿ ಹಾಕಬಹುದು ಎಂದಾಯಿತು. ಆದರೆ ಗಂಡ ಅಷ್ಟರಲ್ಲಿ ಮಕ್ಕಳನ್ನು ಸ್ಕಾಟ್‌ಲೆಂಡಿಗೆ ಕಳಿಸಿದ್ದ. ಆ ಕಾಯಿದೆ ಸ್ಕಾಟ್‌ಲೆಂಡಿಗೆ ಅನ್ವಯಿಸುವುದಿಲ್ಲ! ಆನವಟ್ಟಿ–ಹಾನಗಲ್ಲಿನ ಕಥೆಯೇ, ದೇಶ ಬೇರೆ. 1842ರಲ್ಲಿ ಕಿರಿಯ ಮಗ ಕುದುರೆಯಿಂದ ಬಿದ್ದು ಸತ್ತ. ತಾಯಿ ತಲುಪುವ ಹೊತ್ತಿಗೆ ಜೀವ ಹೋಗಿತ್ತು.

ಇಷ್ಟು ಓದಿದ ಮೇಲೆ, ಎಲ್ಲ ಹಳೆಯ ಕಾನೂನೂ ಹೀಗೇ ಇದ್ದೀತು ಅಂದುಕೊಂಡಿದ್ದ ನನಗೆ ಒಂದು ಕಡೆ ಆಶ್ಚರ್ಯ ಕಾದಿತ್ತು. ಅದು ಮುಸ್ಲಿಂ ಕಾನೂನು. ಹನಫಿ ಪಂಥದಲ್ಲಿ ಮಗನಿಗೆ ಏಳು ವರ್ಷ ತುಂಬುವವರೆಗೆ, ಮಗಳು ದೊಡ್ಡವಳಾಗುವವರೆಗೆ ಸಾಕುವ ಹಕ್ಕು ತಾಯಿಯದು. ಆ ಪಂಥದ ದೊಡ್ಡ ಗ್ರಂಥ ಹಿದಾಯಾ ಹನ್ನೆರಡನೆಯ ಶತಮಾನದ್ದು. ವಿಚ್ಛೇದನ ಪಡೆದ ತಾಯಿ ಮಗುವಿನೊಂದಿಗೆ ಊರು ಬಿಡಬಹುದೆ ಎಂಬ ಪ್ರಶ್ನೆಯನ್ನು ಅದು ನೇರವಾಗಿ ಎತ್ತಿಕೊಳ್ಳುತ್ತದೆ. ದೂರದ ಊರಿಗೆ ಒಯ್ಯುವಂತಿಲ್ಲ. ಆದರೆ ಅದು ಅವಳ ತವರೂರಾಗಿದ್ದು, ಮದುವೆಯೂ ಅಲ್ಲೇ ನಡೆದಿದ್ದರೆ ಒಯ್ಯಬಹುದು. ಇನ್ನು ಹತ್ತಿರದ ಊರಾದರೆ, ತಂದೆ ಹೋಗಿ ಮಗುವನ್ನು ನೋಡಿಕೊಂಡು ಆ ದಿನವೇ ಮನೆಗೆ ಮರಳುವಷ್ಟು ದೂರವಿದ್ದರೆ, ಅಡ್ಡಿಯಿಲ್ಲ. ಜಿಲ್ಲೆಯೂ ಇಲ್ಲ, ಸಂಸ್ಥಾನವೂ ಇಲ್ಲ. ಅಪ್ಪನ ಕಾಲಿನ ಅಳತೆ, ಹೊತ್ತು ಮುಳುಗುವ ಅಳತೆ.

ಸೊರಬದಿಂದ ಹೊರಟ ಅಪ್ಪ ಶಿರಾಳಕೊಪ್ಪದಲ್ಲಿ ಬಸ್ಸು ಬದಲಾಯಿಸಿದರೂ ಶಿಕಾರಿಪುರದಲ್ಲಿ ಮಗುವಿನ ಜೊತೆ ಊಟ ಮಾಡಿ ಸಂಜೆ ದೀಪ ಹಚ್ಚುವ ಹೊತ್ತಿಗೆ ವಾಪಸು ಬರಬಹುದು. ಹಾಗೆ ಶನಿವಾರ ಶನಿವಾರ ಒಂದು ಡಜನ್ ಬಾಳೆಹಣ್ಣು ಹಿಡಿದು ಬರುವ ಅಪ್ಪಂದಿರನ್ನು ನಾನು ನೋಡಿದ್ದೇನೆ. ಎಲ್ಲ ಗಂಡಸರೂ ನಾರ್ಟನ್ನನ ಜಾತಿಯಲ್ಲ. ನಾವು ಹೆಂಗಸರು ಕೂತು ಮಾತಾಡುವಾಗ ಇದನ್ನು ಮರೆಯುತ್ತೇವೆ.

ಸ್ವಾತಂತ್ರ್ಯದ ನಂತರದ ಕಾನೂನನ್ನು ಬೇಗ ಹೇಳಿ ಮುಗಿಸುತ್ತೇನೆ, ಅದು ನಿಮಗೂ ಸ್ವಲ್ಪ ಗೊತ್ತಿದ್ದೀತು. 1956ರ ಹಿಂದೂ ಕಾಯಿದೆ ಮಗುವಿನ ಸಹಜ ಪಾಲಕ ತಂದೆ, 'ಅವನ ನಂತರ' ತಾಯಿ ಎಂದಿತು. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ವಶದಲ್ಲಿರಬೇಕು ಎಂದೂ, ಎಲ್ಲಕ್ಕಿಂತ ಮಗುವಿನ ಹಿತ ಮುಖ್ಯ ಎಂದೂ ಸೇರಿಸಿತು. 1973ರಲ್ಲಿ ರೋಸಿ ಜೇಕಬ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಮಕ್ಕಳು ತಂದೆತಾಯಿಯ ಸೊತ್ತೂ ಅಲ್ಲ, ಆಟದ ವಸ್ತುವೂ ಅಲ್ಲ ಎಂಬರ್ಥದ ಮಾತಾಡಿತು. ಲೇಖಕಿ ಗೀತಾ ಹರಿಹರನ್ ಮಗನ ಹೆಸರಿನಲ್ಲಿ ಬಾಂಡ್ ಕೊಳ್ಳಲು ಹೋದಾಗ ರಿಸರ್ವ್ ಬ್ಯಾಂಕು ತಂದೆಯ ಸಹಿ ಕೇಳಿತು. ಅದರಿಂದ ಹುಟ್ಟಿದ ಮೊಕದ್ದಮೆಯಲ್ಲಿ, ಕಾಯಿದೆಯ 'ನಂತರ' ಎಂಬ ಮಾತಿಗೆ ತಂದೆ ಸತ್ತ ನಂತರ ಎಂದಷ್ಟೇ ಅರ್ಥವಲ್ಲ, ಅವನು ಮಗುವಿನ ಹೊಣೆ ಹೊರದೆ ದೂರವಿದ್ದಾಗಲೂ ತಾಯಿ ಪಾಲಕಿಯೇ ಎಂದು 1999ರಲ್ಲಿ ತೀರ್ಪಾಯಿತು. ಒಂದು ಪದದ ಅರ್ಥ ಬಿಡಿಸಲು 43 ವರ್ಷ!

ಈಗ ಟಿ.ಸಿ. ವಿಷಯ. ಕೆಲವು ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಶಾಲೆಗೆ ಜೂನ್ ತಿಂಗಳಲ್ಲಿ ಒಬ್ಬ ತಾಯಿ ಬಂದಳು. ಮಗ ನಾಲ್ಕನೇ ತರಗತಿ. ಗಂಡನಿಂದ ಬೇರೆಯಾಗಿ ಎರಡು ವರ್ಷವಾಗಿತ್ತು. ಶಿಕಾರಿಪುರದಲ್ಲಿ ಅವಳ ತಾಯಿಯ ಮನೆ, ಅಲ್ಲಿ ಹೊಲಿಗೆ ಕೆಲಸ ಸಿಗುವ ಹಾಗಿತ್ತು. ಅವಳ ಹಿಂದೆಯೇ ಹುಡುಗನ ದೊಡ್ಡಪ್ಪ ಬಂದು, "ತಂದೆ ಸೈನ್ ಇಲ್ದೆ ಟಿ.ಸಿ. ಹೆಂಗ್ ಕೊಡ್ತೀರಿ ಮೇಡಂ, ನೋಡೇಬಿಡ್ತೀವಿ" ಅಂದರು. ಆಫೀಸಿನಲ್ಲಿ ಎಲ್ಲರೂ ಮುಖ ಮುಖ ನೋಡಿಕೊಂಡರು. 2009ರ ಶಿಕ್ಷಣ ಹಕ್ಕು ಕಾಯಿದೆಯ 5ನೇ ಕಲಮು ತೆಗೆದು ಮುಖ್ಯೋಪಾಧ್ಯಾಯಿನಿಯವರ ಮುಂದಿಟ್ಟೆ. ಎಂಟನೇ ತರಗತಿಯವರೆಗಿನ ಮಗು ಬೇರೆ ಶಾಲೆಗೆ ಹೋಗಬಯಸಿದರೆ ಮುಖ್ಯಶಿಕ್ಷಕರು ಕೂಡಲೇ ವರ್ಗಾವಣೆ ಪತ್ರ ಕೊಡಬೇಕು, ತಡ ಮಾಡಿದರೆ ಅವರ ಮೇಲೆ ಇಲಾಖಾ ಕ್ರಮವಾಗಬಹುದು. ಪತ್ರ ತಡವಾಯಿತೆಂದು ಹೊಸ ಶಾಲೆ ಸೇರಿಸಿಕೊಳ್ಳದೆ ಇರುವಂತೆಯೂ ಇಲ್ಲ. ಟಿ.ಸಿ. ಸಿಕ್ಕಿತು. ಹುಡುಗ ಮಾತ್ರ ನನ್ನ ಮೇಜಿನ ಹತ್ತಿರ ಬಂದು, "ಟೀಚರ್, ಹಾಜರಿ ಬುಕ್ಕಲ್ಲಿ ನನ್ ಹೆಸರು ಹೊಡೆದು ಹಾಕ್ತೀರಾ?" ಎಂದು ಕೇಳಿದ. ಕೆಂಪು ಶಾಯಿಯಲ್ಲಿ ಗೆರೆ ಎಳೆಯುವ ಪದ್ಧತಿ. ಅವನು ಮನೆಗೆ ಹೋದ ಮೇಲೆ ಎಳೆದೆ.

ಆದರೆ ಟಿ.ಸಿ. ಬೇರೆ, ಕೋರ್ಟಿನ ಅಪ್ಪಣೆ ಬೇರೆ. ತಿಂಗಳಿಗೆ ಎರಡು ಸಲ ತಂದೆ ಮಗುವನ್ನು ನೋಡಬೇಕೆಂಬ ಆದೇಶ ಆ ಮೊದಲೇ ಆಗಿತ್ತು. ವಕೀಲರು ಅವಳಿಗೆ ಹೇಳಿದ್ದನ್ನು ನಾನು ಇಲ್ಲಿ ಬರೆಯುವುದು ನಿಮ್ಮಲ್ಲಿ ಯಾರಿಗಾದರೂ ಬೇಕಾದೀತೆಂದು. ಕೋರ್ಟಿನ ಆದೇಶವೇ ಇಲ್ಲದಿದ್ದರೆ, ತಾಯಿ ಮಗುವಿನೊಂದಿಗೆ ದೇಶದೊಳಗೆ ಬೇರೆ ಊರಿಗೆ ಹೋಗುವುದನ್ನು ನೇರವಾಗಿ ತಡೆಯುವ ಕಲಮು ಇಲ್ಲ, ತಂದೆಗೂ ಅಷ್ಟೆ. ಉಳಿದವರು ಮಗುವಿನ ವಶಕ್ಕಾಗಿ ಅರ್ಜಿ ಹಾಕಬಹುದು. ಆದೇಶ ಇದ್ದರೆ ಅದನ್ನು ಮುರಿದು ಹೋಗಬಾರದು. ಹೋಗುವ ಮೊದಲೇ ಬದಲಾವಣೆ ಕೇಳಿ ಅರ್ಜಿ ಹಾಕಬೇಕು. ಅವಳು ಹಾಗೇ ಮಾಡಿದಳು. ಅರ್ಜಿಯಲ್ಲಿ ಹೊಸ ಶಾಲೆಯ ಹೆಸರು, ಮನೆಯಲ್ಲಿ ಯಾರಿದ್ದಾರೆ, ತಂದೆ ಬರಲು ಯಾವ ಬಸ್ಸು ಎಷ್ಟು ಹೊತ್ತಿಗೆ, ದಸರಾ ರಜೆಯಲ್ಲಿ ಎಷ್ಟು ದಿನ ಮಗುವನ್ನು ಕಳಿಸುತ್ತೇನೆ ಎಂಬುದೆಲ್ಲ ಇತ್ತು. ಬಸ್ಸಿನ ಸಮಯ ಓದಿ ನನಗೆ ಹಿದಾಯಾ ನೆನಪಾಯಿತು. ತಂದೆಯ ಕಡೆಯವರೂ ಕೊನೆಗೆ ಒಪ್ಪಿದರು.

ಬೆಂಗಳೂರಿನ ಮೊಕದ್ದಮೆಗಳು ಇಷ್ಟು ಸಲೀಸಲ್ಲ. ಕೆಲಸದ ಮೇಲೆ ಸಿಂಗಪುರಕ್ಕೆ ಹೋಗಬೇಕಾದ ಅಲ್ಲಿನ ಒಬ್ಬ ತಾಯಿಗೆ ಮಗುವನ್ನು ಜೊತೆಗೆ ಕರೆದೊಯ್ಯಲು 2020ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಅನುಮತಿ ಕೊಟ್ಟಿತು. ತಂದೆ ಮಗುವನ್ನು ಕಾಣಲು, ಮಾತಾಡಲು ವ್ಯವಸ್ಥೆಯನ್ನೂ ಗೊತ್ತುಪಡಿಸಿತು. 2022ರ ಜುಲೈನಲ್ಲಿ ಇನ್ನೊಂದು ತೀರ್ಪು ಎದುರು ದಿಕ್ಕಿನದು. ಅಮೆರಿಕಾದಲ್ಲಿ ಹುಟ್ಟಿ ಬೆಳೆದ ಹುಡುಗನನ್ನು ತಾಯಿ ಬೆಂಗಳೂರಿಗೆ ಕರೆತಂದಿದ್ದಳು, ಅವನು ವಾಪಸು ಹೋಗಲಿ ಎಂದು ಅದೇ ಕೋರ್ಟು ಹೇಳಿತು. ಮಗುವಿನ ಇಚ್ಛೆ ಏನು ಎಂಬುದು ಬೇರೆ, ಮಗುವಿನ ಹಿತ ಯಾವುದು ಎಂಬುದು ಬೇರೆ ಎಂದು ಅದರಲ್ಲಿದೆ. ತರಗತಿಯಲ್ಲಿ ಮೂವತ್ತು ವರ್ಷ ಕಳೆದ ನಾನು ಇದನ್ನು ಒಪ್ಪುತ್ತೇನೆ, ಆದರೂ ಆ ತಾಯಿಯ ಸಂಕಟ ನೆನೆದರೆ ಒಪ್ಪಿಗೆ ಗಂಟಲಲ್ಲೇ ನಿಲ್ಲುತ್ತದೆ. ವಿದೇಶದ ಕೋರ್ಟಿನ ಆದೇಶ ಒಂದು ಅಂಶ ಮಾತ್ರ, ಮಗುವಿನ ಹಿತವೇ ಮೊದಲು ಎಂದು 2017ರಲ್ಲೇ ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿತ್ತು. ಹಿತವನ್ನು ಅಳೆಯುವ ಸೇರು ಮಾತ್ರ ಒಂದೊಂದು ಪೀಠದಲ್ಲಿ ಒಂದೊಂದು.

ದೇಶ ದಾಟಿಸಿದ ಮಕ್ಕಳನ್ನು ಹಿಂದಿರುಗಿಸುವ ಬಗ್ಗೆ 1980ರಲ್ಲಿ ಹೇಗ್ ನಗರದಲ್ಲಿ ಒಂದು ಒಪ್ಪಂದವಾಯಿತು. ಭಾರತ ಅದಕ್ಕೆ ಸೇರಿಲ್ಲ. ಸೇರಬೇಕೆಂದು 2009ರಲ್ಲಿ ಕಾನೂನು ಆಯೋಗವೇ ಹೇಳಿತ್ತು. ಹೊಡೆತ ತಿಂದು ಓಡಿಬಂದ ತಾಯಂದಿರು ಅಪರಾಧಿಗಳಂತೆ ಕಾಣಬೇಕಾದೀತು ಎಂಬ ಆಕ್ಷೇಪ ಎದ್ದಿತು. ಆ ಆಕ್ಷೇಪದಲ್ಲಿ ಹುರುಳಿದೆ ಎಂದು ನನಗನ್ನಿಸುತ್ತದೆ. 2015ರಲ್ಲಿ ಅದೇ ಆಯೋಗ ತನ್ನ 257ನೇ ವರದಿಯಲ್ಲಿ, ತಂದೆತಾಯಿ ಇಬ್ಬರಿಗೂ ಕೂಡಿ ಮಗುವಿನ ವಶ ಕೊಡುವ ಅವಕಾಶವಿರಲಿ ಎಂದು ಸಲಹೆ ಮಾಡಿತು. ಒಬ್ಬರು ಊರು ಬದಲಾಯಿಸುವಾಗ ಏನು ಮಾಡಬೇಕೆಂಬುದನ್ನೂ ಎತ್ತಿಕೊಂಡಿತು. ವರದಿ ವರದಿಯಾಗಿಯೇ ಇದೆ. ಸೊರಬದ ಹೆಣ್ಣುಮಗಳು ಮಗುವಿನ ವಶಕ್ಕೆಂದು ಶಿವಮೊಗ್ಗಕ್ಕೆ ಹೋದರೆ ವಕೀಲರು ಕಪಾಟಿನಿಂದ ತೆಗೆಯುವ ಪುಸ್ತಕಗಳಲ್ಲಿ ಆ 1890ರ ಕಾಯಿದೆ ಈಗಲೂ ಇರುತ್ತದೆ.